ಗಾಲಿಕುರ್ಚಿಗೆ ಬಸ್ಸಿನ ಬಾಗಿಲು

ನಮ್ಮ ರಾಜ್ಯದ ಸಾರಿಗೆ ಸಂಸ್ಥೆಗಳ ಬಸ್ಸುಗಳಲ್ಲಿ ಅಂಗವಿಕಲರಿಗೆ ರಿಯಾಯಿತಿ ದರದ ಪಾಸು ದೊರೆಯುತ್ತದೆ. ಇದು ಮೆಚ್ಚತಕ್ಕ ಸಂಗತಿಯೇ ಸರಿ. 2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಪಾಲಿಗೆ ಆ ಅಲ್ಪ ಖರ್ಚೂ ಇಲ್ಲವಾಯಿತು. ಆದರೆ ಗಾಲಿಕುರ್ಚಿಯಲ್ಲಿ ಕುಳಿತೇ ಬಾಳು ನಡೆಸುವ ವ್ಯಕ್ತಿಯೊಬ್ಬ ಈ ಪಾಸನ್ನು ಜೇಬಿನಲ್ಲಿಟ್ಟುಕೊಂಡು ನಿಲ್ದಾಣಕ್ಕೆ ಬಂದನೆಂದು ಭಾವಿಸೋಣ. ಬಸ್ಸು ಬಂದು ನಿಲ್ಲುತ್ತದೆ, ಬಾಗಿಲೂ ತೆರೆಯುತ್ತದೆ. ಎದುರಿಗೆ ಕಡಿದಾದ ಮೆಟ್ಟಿಲುಗಳು, ಅವನ್ನು ಹತ್ತಿದವರಿಗೆ ಹಿಡಿದುಕೊಳ್ಳಲು ಕಂಬಿ, ಮೇಲೆ ಒಬ್ಬರು ಮಾತ್ರ ಓರೆಯಾಗಿ ಸಾಗಬಹುದಾದ ನಡುದಾರಿ. ಟಿಕೆಟ್ಟಿನ ದರ ಪೂರ್ಣವಾದರೂ, ಅರ್ಧವಾದರೂ, ಶೂನ್ಯವಾದರೂ ಆತನಿಗೆ ಅದು ಒಂದೇ. ಕಂಡಕ್ಟರನು ಸೀಟಿ ಊದುತ್ತಾನೆ, ಬಸ್ಸು ಹೊರಡುತ್ತದೆ. ಇದರಲ್ಲಿ ಕಂಡಕ್ಟರನನ್ನು ದೂರುವಂತಿಲ್ಲ, ಚಾಲಕನನ್ನೂ ದೂರುವಂತಿಲ್ಲ. ಆ ಮನುಷ್ಯನನ್ನು ಹೊರಗಿಟ್ಟವನು ಬಸ್ಸಿನ ಒಡಲನ್ನು ರೂಪಿಸಿದವನು.

ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ನಾವು ಹೆಸರುಗಳನ್ನು ಕಾಲಕಾಲಕ್ಕೆ ಬದಲಿಸುತ್ತ ಬಂದಿದ್ದೇವೆ. ಮೆಟ್ಟಿಲಿನ ಎತ್ತರವನ್ನು ಮಾತ್ರ ಬದಲಿಸಲಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಹದಿಮೂರು ಲಕ್ಷಕ್ಕೂ ಮಿಕ್ಕಿ, ಭಾರತದಲ್ಲಿ 2.68 ಕೋಟಿ ಮಂದಿ ಅಂಗವಿಕಲರಿದ್ದಾರೆ. ದೇಶದಲ್ಲಿ ಸುಮಾರು 54 ಲಕ್ಷ ಜನರ ತೊಂದರೆ ಚಲನೆಗೆ ಸಂಬಂಧಿಸಿದ್ದು. ಇವರೆಲ್ಲರೂ ಗಾಲಿಕುರ್ಚಿ ಬಳಸುವವರಲ್ಲ ನಿಜ. ಆದರೆ ಎತ್ತರದ ಮೆಟ್ಟಿಲು ಇವರಲ್ಲಿ ಯಾರಿಗೂ ಹಿತವಲ್ಲ.

ವಿಷಯವು ಮೂಲತಃ ಲೆಕ್ಕದ ವಿಷಯವಾದುದರಿಂದ ಸ್ವಲ್ಪ ಲೆಕ್ಕವನ್ನೇ ನೋಡುವುದು ಉಚಿತ. ನಮ್ಮ ದೇಶದ ನಗರ ಬಸ್ಸುಗಳ ನೆಲದ ಎತ್ತರವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ: 900 ಮಿಲಿಮೀಟರ್, 650 ಮಿಲಿಮೀಟರ್, 400 ಮಿಲಿಮೀಟರ್. ಊರಿಂದೂರಿಗೆ ಓಡುವ ಬಸ್ಸುಗಳ ನೆಲ ಇನ್ನೂ ಮೇಲಿರುವುದುಂಟು. ಕಟ್ಟಡಗಳಲ್ಲಿ ಗಾಲಿಕುರ್ಚಿಗೆಂದು ಇಳಿಜಾರು ಕಟ್ಟುವಾಗ, ಒಂದಡಿ ಏರುವುದಕ್ಕೆ ಹನ್ನೆರಡಡಿ ಉದ್ದ ಬೇಕೆಂಬುದು ನಿಯಮ. ಈ ನಿಯಮವನ್ನು 900 ಮಿಲಿಮೀಟರ್ ಎತ್ತರದ ಬಸ್ಸಿಗೆ ಅನ್ವಯಿಸಿದರೆ 10.8 ಮೀಟರ್ ಉದ್ದದ ಹಲಗೆ ಬೇಕಾಗುತ್ತದೆ. ಬಸ್ಸಿನ ಉದ್ದವೇ 12 ಮೀಟರ್! ಬಸ್ಸಿನೊಳಗೆ ಇನ್ನೊಂದು ಬಸ್ಸನ್ನು ಮಡಿಸಿಟ್ಟಂತಾಯಿತು. ಆದ್ದರಿಂದ ಎತ್ತರದ ಬಸ್ಸಿಗೆ ಹಲಗೆ ಹಾಸಿದೆವೆಂದು ಹೇಳಿಕೊಳ್ಳುವವರ ಮಾತನ್ನು ಟೇಪು ಹಿಡಿದು ಪರೀಕ್ಷಿಸುವುದು ಒಳಿತು.

ಅದೇ 400 ಮಿಲಿಮೀಟರಿನ ತಗ್ಗು ನೆಲದ ಬಸ್ಸನ್ನು ತೆಗೆದುಕೊಳ್ಳಿ. ಕಾಲುದಾರಿಯ ಕಟ್ಟೆಯೇ 150 ಮಿಲಿಮೀಟರ್ ಎತ್ತರವಿದ್ದರೆ ಉಳಿಯುವುದು 250. ಈ ಬಗೆಯ ಕೆಲವು ಬಸ್ಸುಗಳಲ್ಲಿ ನಿಲ್ದಾಣದಲ್ಲಿ ನಿಂತಾಗ ಗಾಳಿಯ ಒತ್ತಡವನ್ನು ಇಳಿಸಿ ಬಸ್ಸನ್ನು ಒಂದು ಮಗ್ಗುಲಿಗೆ ತುಸು ಬಾಗಿಸುವ ಏರ್ಪಾಡಿರುತ್ತದೆ. ಆನೆ ಮಾವುತನಿಗಾಗಿ ಮೊಣಕಾಲೂರುವಂತೆ. ಅದರಿಂದ ಮತ್ತೂ ಐವತ್ತು ಅರವತ್ತು ಮಿಲಿಮೀಟರ್ ತಗ್ಗಿತೆನ್ನಿ. ಈಗ ಒಂದು ಮೀಟರ್ ಉದ್ದದ ಮಡಿಸುವ ಹಲಗೆ ಸಾಕು. ಕಟ್ಟಡದ ನಿಯಮಕ್ಕಿಂತ ಇದು ಕಡಿದೇ ಆದರೂ, ಹಿಂದಿನಿಂದ ಒಬ್ಬರು ಕೈಕೊಟ್ಟರೆ ಕುರ್ಚಿ ಒಳಗೆ ಬರುತ್ತದೆ. ಬೆಂಗಳೂರಿನಲ್ಲಿ 2006ರ ಸುಮಾರಿಗೆ ವೋಲ್ವೋ ಬಸ್ಸುಗಳು ಓಡತೊಡಗಿದಾಗ ತಗ್ಗು ನೆಲದ ಬಸ್ಸೆಂದರೇನೆಂಬುದು ನಮ್ಮ ಜನಕ್ಕೆ ಮೊದಲಬಾರಿಗೆ ಕಣ್ಣಿಗೆ ಬಿತ್ತು. ಅದು ಸುಖಪ್ರಯಾಣದ ಬಸ್ಸೆಂದು ಎಲ್ಲರೂ ತಿಳಿದರು. ಮುದುಕರೂ ಬಸುರಿಯರೂ ಕಂಕುಳಲ್ಲಿ ಕೂಸಿದ್ದ ತಾಯಂದಿರೂ ಏದುಸಿರಿಲ್ಲದೆ ಹತ್ತಿದುದನ್ನು ಗಮನಿಸಿದವರು ಕಡಿಮೆ.

ಇಲ್ಲೊಂದು ತೊಡಕುಂಟು. ಈ ಲೆಕ್ಕವೆಲ್ಲ ನಿಲ್ಲುವುದು ಬಸ್ಸು ಕಟ್ಟೆಗೆ ಒತ್ತಿ ನಿಂತಾಗ. ನಮ್ಮಲ್ಲಿ ಬಸ್ಸು ನಡುರಸ್ತೆಯಲ್ಲಿ ನಿಲ್ಲುತ್ತದೆ; ಕಟ್ಟೆಯ ಪಕ್ಕದ ಜಾಗದಲ್ಲಿ ಆಟೋಗಳೂ ಹಣ್ಣಿನ ಗಾಡಿಗಳೂ ನಿಂತಿರುತ್ತವೆ. ಆಗ ಹಲಗೆಯ ತುದಿ ಕಟ್ಟೆಯನ್ನು ಮುಟ್ಟದೆ ಡಾಂಬರಿನ ಮೇಲೆ ಬೀಳುತ್ತದೆ, ಏರು ಇಮ್ಮಡಿಯಾಗುತ್ತದೆ. ಬಸ್ಸನ್ನು ಕೊಳ್ಳುವ ಇಲಾಖೆ ಒಂದು, ನಿಲ್ದಾಣವನ್ನು ಕಟ್ಟುವ ಸಂಸ್ಥೆ ಇನ್ನೊಂದು, ರಸ್ತೆಯನ್ನು ಅಗೆಯುವವರು ಮತ್ತೊಬ್ಬರು. ಗಾಲಿಕುರ್ಚಿಯವನು ಮಾತ್ರ ಒಬ್ಬನೇ.

ಹಳ್ಳಿಯ ದಾರಿಯ ಮಾತೇ ಬೇರೆ. ಉಬ್ಬುಗಳೂ ಹಳ್ಳಗಳೂ ಮಳೆಗಾಲದ ನೀರೂ ತುಂಬಿದ ರಸ್ತೆಯಲ್ಲಿ ತಗ್ಗು ನೆಲದ ಬಸ್ಸಿನ ಹೊಟ್ಟೆ ಉಜ್ಜುವುದೆಂಬ ಆಕ್ಷೇಪಣೆಯನ್ನು ನಾನು ನೆಪವೆಂದು ತಳ್ಳಿಹಾಕಲಾರೆ. ಅಂತಹ ಕಡೆ ಎತ್ತರದ ಬಸ್ಸಿಗೇ ಲಿಫ್ಟನ್ನು ಜೋಡಿಸುವುದು ಮಾರ್ಗ. ದೆಹಲಿಯಲ್ಲಿ 2019ರಲ್ಲಿ ಇಂತಹ ಲಿಫ್ಟುಳ್ಳ ಬಸ್ಸುಗಳನ್ನು ರಸ್ತೆಗಿಳಿಸಿದರು. ಕುರ್ಚಿಯನ್ನು ಕಬ್ಬಿಣದ ತಟ್ಟೆಯ ಮೇಲೆ ನಿಲ್ಲಿಸಿದರೆ ಹೈಡ್ರಾಲಿಕ್ ಯಂತ್ರವು ಅದನ್ನು ನೆಲದ ಮಟ್ಟಕ್ಕೆ ಎತ್ತುತ್ತದೆ. ಕೆಲಸ ನಿಧಾನ, ಯಂತ್ರಕ್ಕೆ ಆರೈಕೆ ಬೇಕು. ತಿಂಗಳುಗಟ್ಟಲೆ ಬಳಸದೆ ಬಿಟ್ಟರೆ ಕೀಲುಗಳು ತುಕ್ಕು ಹಿಡಿದು, ಬೇಕಾದ ದಿನ ಕೈಕೊಡುತ್ತದೆ. ಪ್ರತಿ ಬೆಳಿಗ್ಗೆ ಡಿಪೋದಲ್ಲಿ ಬ್ರೇಕು ನೋಡುವಂತೆ ಲಿಫ್ಟನ್ನೂ ಒಮ್ಮೆ ಏರಿಸಿ ಇಳಿಸಿ ನೋಡುವುದೇ ಇದಕ್ಕೆ ಮದ್ದು. ನಗರಕ್ಕೆ ತಗ್ಗು ನೆಲ, ಗ್ರಾಮಾಂತರಕ್ಕೆ ಲಿಫ್ಟು ಎಂಬುದು ನನ್ನ ಅಭಿಪ್ರಾಯ. ನಗರದಲ್ಲಿಯೂ ಲಿಫ್ಟೇ ಸಾಕೆನ್ನುವವರು ಒಂದೊಂದು ನಿಲ್ದಾಣದಲ್ಲಿ ಕಳೆಯುವ ನಿಮಿಷಗಳನ್ನು ಎಣಿಸಿ ನೋಡಲಿ.

ಪರದೇಶಗಳಲ್ಲಿ ಇದು ಸುಲಭವಾಗಿ ಸಿಕ್ಕಿತೆಂದು ತಿಳಿಯಬಾರದು. ಅಮೆರಿಕದ ಡೆನ್ವರ್ ನಗರದಲ್ಲಿ 1978ರ ಜುಲೈ 5ರಂದು ಹತ್ತೊಂಬತ್ತು ಮಂದಿ ಅಂಗವಿಕಲರು ನಡುಬೀದಿಯಲ್ಲಿ ಬಸ್ಸುಗಳ ಹಿಂದೆ ಮುಂದೆ ತಮ್ಮ ಕುರ್ಚಿಗಳನ್ನು ನಿಲ್ಲಿಸಿ, ರಾತ್ರಿಯಿಡೀ ಅಲ್ಲಿಯೇ ಕಳೆದರು. ಲಿಫ್ಟು ಇಲ್ಲದ ಬಸ್ಸುಗಳನ್ನು ಸಾರಿಗೆ ಸಂಸ್ಥೆ ಕೊಂಡಿದ್ದೇ ಅದಕ್ಕೆ ಕಾರಣ. ಆ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆ ಬರಲು 1990ರವರೆಗೆ ಕಾಯಬೇಕಾಯಿತು. ಲಂಡನ್ನಿನ ಪ್ರಸಿದ್ಧ ಕಪ್ಪು ಟ್ಯಾಕ್ಸಿಗಳೆಲ್ಲ 2000ದ ಜನವರಿಯಿಂದ ಗಾಲಿಕುರ್ಚಿಯನ್ನು ಒಳಗೊಳ್ಳಲೇಬೇಕೆಂದಾಯಿತು. ಹಿಂಬದಿ ತೆರೆದ ಮೆಟ್ಟಿಲಿನ, ಚಿತ್ರಗಳಲ್ಲೆಲ್ಲ ಕಾಣುವ ರೂಟ್‌ಮಾಸ್ಟರ್ ಬಸ್ಸುಗಳು 2005ರ ಡಿಸೆಂಬರಿನಲ್ಲಿ ಆ ನಗರದ ನಿತ್ಯಸಂಚಾರದಿಂದ ನಿವೃತ್ತವಾದುದಕ್ಕೆ ಇದೂ ಒಂದು ಕಾರಣ. ಜನ ಅವುಗಳಿಗಾಗಿ ಮರುಗಿದರು. ಅವನ್ನು ಒಂದು ದಿನವೂ ಹತ್ತಲಾರದಿದ್ದವರು ಮರುಗಿರಲಾರರು.

ನಮ್ಮ ಕಾಯಿದೆಗಳಲ್ಲಿ ಕೊರತೆಯಿಲ್ಲ. 1995ರಲ್ಲಿ ಒಂದು ಕಾಯಿದೆ ಬಂತು. ಅದರ ಸ್ಥಾನದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಬಂತು. ಅದರ 41ನೆಯ ಕಲಮು ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಜೊತೆಗೆ ಸಾರಿಗೆಯ ಎಲ್ಲ ವಾಹನಗಳೂ ಅಂಗವಿಕಲರಿಗೆ ಒದಗಬೇಕೆನ್ನುತ್ತದೆ. ಹಳೆಯ ವಾಹನಗಳನ್ನು ತಾಂತ್ರಿಕವಾಗಿ ಸಾಧ್ಯವಿರುವಲ್ಲಿ, ಸುರಕ್ಷಿತವಾಗಿರುವಲ್ಲಿ, ಖರ್ಚು ತಾಳುವಲ್ಲಿ ಮಾರ್ಪಡಿಸಬೇಕೆಂದೂ ಹೇಳುತ್ತದೆ. ಈ ‘ಅಲ್ಲಿ’ಗಳ ನಡುವೆ ನುಸುಳಿಕೊಂಡು ಹೋಗಲು ಯಾವ ಅಧಿಕಾರಿಗೂ ಕಷ್ಟವಿಲ್ಲ. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು, ಈ ಕಾಯಿದೆಯ ಅಡಿಯಲ್ಲಿ ರಚಿಸಿದ ಒಂದು ಮುಖ್ಯ ನಿಯಮವು ಕಡ್ಡಾಯವಾಗಿರಬೇಕಾದುದನ್ನು ಬರಿಯ ಸಲಹೆಯ ಮಟ್ಟಕ್ಕೆ ಇಳಿಸಿದೆಯೆಂದು ಅದನ್ನು ಅಸಿಂಧುಗೊಳಿಸಿ, ಕಡ್ಡಾಯ ನಿಯಮಗಳನ್ನು ರಚಿಸಲು ಕೇಂದ್ರ ಸರಕಾರಕ್ಕೆ ಆದೇಶಿಸಿತು. ಮೋಟಾರು ವಾಹನ ಕಾಯಿದೆಯಲ್ಲಿಯೂ ಒಂದು ಸ್ವಾರಸ್ಯವಿದೆ. 1988ರ ಮೂಲ ಕಾಯಿದೆಯಲ್ಲಿ ಅಂಗವಿಕಲರ ವಾಹನಕ್ಕೆ ‘ಇನ್‌ವ್ಯಾಲಿಡ್ ಕ್ಯಾರೇಜ್’ ಎಂದು ಹೆಸರು. ಅದು ಅವರಿಗಾಗಿಯೇ ಹೊಸದಾಗಿ ನಿರ್ಮಿಸಿದ್ದಾಗಿರಬೇಕು, ಬರಿದೇ ಮಾರ್ಪಡಿಸಿದ್ದಾಗಿರಕೂಡದು ಎಂದು ಅದರ ವ್ಯಾಖ್ಯೆ. ಬಡವನು ಸ್ಕೂಟರಿಗೆ ಎರಡು ಪಕ್ಕದ ಗಾಲಿ ಕಟ್ಟಿಸಿಕೊಂಡರೆ ಅದು ಈ ವ್ಯಾಖ್ಯೆಯಿಂದ ಹೊರಗೆ! 2019ರ ತಿದ್ದುಪಡಿಯಲ್ಲಿ ಆ ಹೆಸರೂ ಆ ವ್ಯಾಖ್ಯೆಯೂ ಹೋಗಿ ‘ಅಡಾಪ್ಟೆಡ್ ವೆಹಿಕಲ್’, ಎಂದರೆ ಅಳವಡಿಸಿದ ವಾಹನ, ಎಂಬ ಮಾತು ಬಂತು.

ಈ ಸಂಚಿಕೆಯನ್ನು ಓದುವವರು ಶಾಲೆಗೆ ಸಂಬಂಧಿಸಿದವರು. ಆದುದರಿಂದ ಕಾಯಿದೆಯ 16ನೆಯ ಕಲಮನ್ನು ವಿಶೇಷವಾಗಿ ನೆನಪಿಸಬೇಕಾಗಿದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂಗವಿಕಲ ಮಕ್ಕಳಿಗೆ ಸಾರಿಗೆಯ ಸೌಲಭ್ಯ ಒದಗಿಸುವಂತೆ ನೋಡಿಕೊಳ್ಳಬೇಕೆಂದು ಅದು ವಿಧಿಸುತ್ತದೆ. ಹೆಚ್ಚಿನ ಆಸರೆ ಬೇಕಾದ ಮಗುವಿನ ಜೊತೆ ಬರುವ ಸಹಾಯಕರಿಗೂ ಈ ಸೌಲಭ್ಯ ಸಲ್ಲಬೇಕು.

ಈ ವಿಧಿಯ ಅಗತ್ಯವೇನೆಂಬುದನ್ನು ಹಳ್ಳಿಯ ಅನುಭವವಿರುವ ಯಾವ ಉಪಾಧ್ಯಾಯರೂ ಬಲ್ಲರು. ಆರು ವರ್ಷದ ಮಗುವನ್ನು ತಂದೆ ಸೈಕಲ್ಲಿನ ಮೇಲೋ ತಾಯಿ ಸೊಂಟದ ಮೇಲೋ ಶಾಲೆಗೆ ತರುತ್ತಾರೆ. ಮಗು ಬೆಳೆಯುತ್ತದೆ, ತಾಯಿಯ ಸೊಂಟ ಬೆಳೆಯುವುದಿಲ್ಲ. ಊರಿನ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ, ಪ್ರೌಢಶಾಲೆ ಐದಾರು ಮೈಲಿ ದೂರ. ಆ ಹೊತ್ತಿಗೆ ಮಗುವಿನ ತೂಕ ಮೂವತ್ತೈದು ನಲವತ್ತು ಕಿಲೋ. ಹೆಣ್ಣುಮಗುವಾದರೆ, ಪರಪುರುಷರು ಎತ್ತಿ ಕೂರಿಸುವುದನ್ನು ಅವಳೂ ಒಲ್ಲಳು, ಮನೆಯವರೂ ಒಲ್ಲರು. ಅದು ಅವರ ಸಂಕೋಚವೆಂದು ಹಗುರಾಗಿ ಕಾಣತಕ್ಕದ್ದಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಶಾಲೆ ಬಿಟ್ಟಿದ್ದಾಳೆ’ ಎಂದು ಬರೆಯುತ್ತೇವೆ. ಕನ್ನಡ ವ್ಯಾಕರಣದಂತೆ ಆ ವಾಕ್ಯ ಸರಿ. ಯಾರು ಯಾರನ್ನು ಬಿಟ್ಟರೆಂಬ ಪ್ರಶ್ನೆ ಬೇರೆ. ಮನೆಗೇ ಹೋಗಿ ಪಾಠ ಹೇಳುವ ವ್ಯವಸ್ಥೆ ಸರಕಾರದಲ್ಲಿದೆ. ತೀವ್ರ ಅಶಕ್ತತೆಯುಳ್ಳ ಮಕ್ಕಳಿಗೆ ಅದು ವರವೇ. ಕಾಲಿಗೆ ಮಾತ್ರ ಶಕ್ತಿಯಿಲ್ಲದೆ ಬುದ್ಧಿಯಲ್ಲಿ ಚುರುಕಾದ ಮಗುವಿಗೆ ಗೆಳತಿಯರನ್ನೂ ಪ್ರಯೋಗಶಾಲೆಯನ್ನೂ ಗ್ರಂಥಾಲಯವನ್ನೂ ಅದು ಕೊಡಲಾರದು.

ಶಾಲೆಯ ಒಂದು ವ್ಯಾನನ್ನು ಅಳವಡಿಸುವುದು ಸಾಮಾನ್ಯ ಸಂಸ್ಥೆಯೊಂದರ ಶಕ್ತಿಗೆ ಮೀರಿದ್ದಲ್ಲ. ಎತ್ತರದ ಮಾಳಿಗೆಯುಳ್ಳ, ಹಿಂದೆ ಬಾಗಿಲಿರುವ ಟೆಂಪೋ ಟ್ರಾವೆಲರಿನಂತಹ ಗಾಡಿಯಲ್ಲಿ ಹಿಂಬದಿಯ ಆಸನಗಳನ್ನು ತೆಗೆದರೆ ಎರಡು ಕುರ್ಚಿಗಳಿಗೆ ಜಾಗವಾಗುತ್ತದೆ. ಒಂದು ಕುರ್ಚಿಗೆ ಸುಮಾರು 1.2 ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ ಬೇಕು. ಬಾಗಿಲ ಎತ್ತರವನ್ನು ಅಳೆಯುವಾಗ ಕುರ್ಚಿಯಲ್ಲಿ ಕುಳಿತವರ ತಲೆಯನ್ನು ಮರೆಯಬಾರದು. ಬರಿಯ ಕುರ್ಚಿಯನ್ನು ಅಳೆದು ಬಾಗಿಲು ಮಾಡಿಸಿದರೆ ಮಗು ತಲೆ ತಗ್ಗಿಸಿಯೇ ಶಾಲೆಗೆ ಬರಬೇಕಾದೀತು.

ಎಲ್ಲಕ್ಕಿಂತ ಮುಖ್ಯವಾದುದು ಕುರ್ಚಿಯನ್ನು ಬಿಗಿಯುವ ವಿಧಾನ. ಕುರ್ಚಿಯ ಬ್ರೇಕು ಹಾಕಿ, ಹಗ್ಗದಿಂದ ಆಸನಕ್ಕೆ ಕಟ್ಟಿ, ‘ಗಟ್ಟಿಯಾಗಿದೆ ಬಿಡಿ’ ಎನ್ನುವುದು ಅಪಾಯಕರ. ಗಂಟೆಗೆ 48 ಕಿಲೋಮೀಟರ್ ವೇಗದ ಡಿಕ್ಕಿಯನ್ನು ಅನುಕರಿಸಿ ಈ ಪಟ್ಟಿಗಳನ್ನು ಪರೀಕ್ಷಿಸುವಾಗ, ತೂಕದ ಸುಮಾರು ಇಪ್ಪತ್ತು ಪಟ್ಟು ಬಲ ಅವುಗಳ ಮೇಲೆ ಬೀಳುತ್ತದೆ. ನೂರು ಕಿಲೋದ ಬ್ಯಾಟರಿ ಕುರ್ಚಿಯಾದರೆ ಅದು ಎರಡು ಟನ್ನಿನ ಸೆಳೆತ. ಆದ್ದರಿಂದ ಕುರ್ಚಿಯು ವಾಹನದ ಮುಂಭಾಗಕ್ಕೆ ಮುಖಮಾಡಿ ನಿಂತಿರಬೇಕು, ಅಡ್ಡಲಾಗಿ ಎಂದಿಗೂ ಅಲ್ಲ. ಅದರ ಚೌಕಟ್ಟಿಗೆ ಮುಂದೆ ಎರಡು, ಹಿಂದೆ ಎರಡು ಪಟ್ಟಿಗಳು. ಮಗುವಿಗೆ ಬೇರೆಯದೇ ಆದ, ಹೆಗಲಿಗೂ ಸೊಂಟಕ್ಕೂ ಹಾಯುವ ಬೆಲ್ಟು. ಪಟ್ಟಿಗಳ ಕೊಂಡಿಗಳು ನೆಲದ ತಗಡಿಗೆ ಬೆಸುಗೆಯಾಗದೆ, ಕೆಳಗಿನ ಚಾಸಿಗೆ ಬೋಲ್ಟಾಗಿರಬೇಕು. ಊರಿನ ಗ್ಯಾರೇಜಿನವರು ಪ್ರೀತಿಯಿಂದ ಮಾಡಿಕೊಟ್ಟಾರು. ಆದರೆ ಇದು ಬಲ್ಲವರ ಕೆಲಸ. ಮಾಡಿದ ಬದಲಾವಣೆಯನ್ನು ಸಾರಿಗೆ ಅಧಿಕಾರಿಗಳಿಗೆ ತೋರಿಸಿ ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳದಿದ್ದರೆ, ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವ ಪ್ರಶ್ನೆ ಅದೇ ಆಗಿರುತ್ತದೆ.

“ಇಷ್ಟೆಲ್ಲ ಮಾಡಿದರೆ ಎಷ್ಟು ಮಕ್ಕಳು ಬಂದಾರು?” ಎಂಬುದು ಆಡಳಿತ ಮಂಡಲಿಗಳಲ್ಲಿ ಹುಟ್ಟುವ ಸಹಜವಾದ ಪ್ರಶ್ನೆ. ಸೇತುವೆ ಬೇಕೇ ಎಂದು ತಿಳಿಯಲು ಹೊಳೆಯನ್ನು ಈಜಿ ದಾಟುವವರನ್ನು ಎಣಿಸಿದ ಹಾಗೆ ಇದು. ಬರುವ ದಾರಿಯೇ ಇಲ್ಲದಿರುವಾಗ ಬರುವವರ ಸಂಖ್ಯೆ ಸೊನ್ನೆಯಾಗಿಯೇ ಕಾಣುತ್ತದೆ. ಆದರೂ ಖರ್ಚಿನ ಮಾತನ್ನು ಉಪೇಕ್ಷಿಸಬೇಕೆಂದು ನಾನು ಹೇಳಲಾರೆ. ಇರುವ ಗಾಡಿಯನ್ನು ಕೊಯ್ದು ಮಾರ್ಪಡಿಸುವುದಕ್ಕಿಂತ, ಹೊಸ ಗಾಡಿಯ ಒಡಲು ಕಟ್ಟಿಸುವಾಗಲೇ ಬಾಗಿಲು, ಕೊಂಡಿ, ಲಿಫ್ಟುಗಳನ್ನು ಸೇರಿಸುವುದು ಅಗ್ಗ, ಬಲವೂ ಹೆಚ್ಚು. ಇದಕ್ಕೆ ಬೇಕಾದುದು ಆರ್ಡರು ಕೊಡುವ ಮುನ್ನ ಒಂದು ಮಾತು.

ಜಾಗ ಮಾಡಿಕೊಟ್ಟರೂ ಅದನ್ನು ಕಾಯಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ 2012ರಲ್ಲಿ ಡಗ್ ಪಾಲಿ ಎಂಬ ಗಾಲಿಕುರ್ಚಿ ಬಳಕೆದಾರರು ವೆದರ್ಬಿಯಿಂದ ಲೀಡ್ಸಿಗೆ ಹೋಗಲು ಬಸ್ಸು ಹತ್ತಬಯಸಿದಾಗ, ಕುರ್ಚಿಯ ಜಾಗದಲ್ಲಿ ಮಲಗಿದ ಮಗುವಿನ ತಳ್ಳುಗಾಡಿಯಿತ್ತು. ಸರಿಸೆಂದು ಚಾಲಕ ಕೇಳಿದ, ತಾಯಿ ಒಪ್ಪಲಿಲ್ಲ, ಪಾಲಿಯವರು ಕೆಳಗುಳಿದರು. ಮೊಕದ್ದಮೆ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಬರಿದೇ ಒಂದು ಸಲ ಕೇಳಿ ಸುಮ್ಮನಾಗುವುದು ಸಾಲದು, ಚಾಲಕನು ಮುಂದಿನ ಹೆಜ್ಜೆಯನ್ನೂ ಯೋಚಿಸಬೇಕೆಂದು 2017ರಲ್ಲಿ ತೀರ್ಪಾಯಿತು. ನಮ್ಮ ಬಸ್ಸುಗಳಲ್ಲಿ ಆ ಜಾಗದಲ್ಲಿ ತಳ್ಳುಗಾಡಿಯ ಬದಲು ತರಕಾರಿ ಮೂಟೆ ಇರುತ್ತದೆ. ಮೂಟೆಯ ಒಡೆಯನೂ ಬಡವನೇ. ಇದನ್ನು ಬಗೆಹರಿಸುವ ಹೊಣೆ ಕಂಡಕ್ಟರನ ಮೇಲೆ ಬೀಳುವುದರಿಂದ, ಲಿಫ್ಟಿನ ಗುಂಡಿ ಒತ್ತುವುದನ್ನು ಕಲಿಸುವಂತೆ ಈ ಮಾತನಾಡುವುದನ್ನೂ ಆತನಿಗೆ ಕಲಿಸಬೇಕು.

ದಾನಿಗಳಲ್ಲಿ ಒಂದು ಅರಿಕೆ. ಕೊಠಡಿ ಕಟ್ಟಿಸಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತುವ ಪದ್ಧತಿ ನಮ್ಮಲ್ಲಿದೆ. ಅದು ಸಹಜವೂ ಹೌದು. ಲಿಫ್ಟಿಗೂ ನಾಲ್ಕು ಪಟ್ಟಿಗಳಿಗೂ ಕಲ್ಲು ಹಾಕಿಸಲು ಬರುವುದಿಲ್ಲ. ಆದರೆ ವ್ಯಾನಿನ ಪಕ್ಕೆ ವಿಶಾಲವಾಗಿದೆ. ಹೆಸರು ಬರೆಸಿದರೆ ದಿನಕ್ಕೆರಡು ಸಲ ಹತ್ತೂರು ಸುತ್ತಿ ಬರುತ್ತದೆ. ಉಪಾಧ್ಯಾಯರಲ್ಲಿಯೂ ಒಂದು ಅರಿಕೆ: ಬೇಸಿಗೆಯ ರಜೆಯಲ್ಲಿ ದಾಖಲಾತಿಗಾಗಿ ಮನೆಮನೆಗೆ ಹೋಗುವಾಗ, ನಡೆಯಲಾರದ ಮಕ್ಕಳು ಯಾವ ಊರಿನ ಯಾವ ಓಣಿಯಲ್ಲಿದ್ದಾರೆ, ಗಾಡಿ ಅವರ ಹೊಸ್ತಿಲಿಗೆ ಎಷ್ಟು ಹತ್ತಿರ ಬರಬಲ್ಲದು, ಮನೆಯಿಂದ ರಸ್ತೆಗೆ ಎಷ್ಟು ಮೆಟ್ಟಿಲುಗಳಿವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬರಲಿ. ಜೊತೆಗೆ ನಮ್ಮ ನಮ್ಮ ಶಾಲೆಗಳ ಹೆಬ್ಬಾಗಿಲಿನಿಂದ ಎಂಟನೆಯ ತರಗತಿಯವರೆಗೂ, ಅಲ್ಲಿಂದ ಶೌಚಾಲಯದವರೆಗೂ ಒಮ್ಮೆ ನಡೆದು ಮೆಟ್ಟಿಲುಗಳನ್ನು ಎಣಿಸಿ, ಆ ಲೆಕ್ಕವನ್ನೂ ಅದೇ ಹಾಳೆಯ ಕೆಳಗೆ ಬರೆಯಲಿ. ಗಾಡಿಯ ಆರ್ಡರಿನೊಂದಿಗೆ ಗಾರೆಕೆಲಸದವನಿಗೂ ಹೇಳಿಕಳಿಸಬೇಕಾದೀತು.