ಫ್ಲ್ಯಾಶ್ ಮಾಡಿದ್ದು ಸರಿಯೋ, ತಪ್ಪೋ?



ಕಳೆದ ಸಂಚಿಕೆಯಲ್ಲಿ ನಾನು ಮಳೆಗಾಲದ ಬಗ್ಗೆ ಬರೆದದ್ದನ್ನು ಓದಿ "ಪ್ರತಿ ವರ್ಷ ಅದೇ ಮಳೆಯಾ ಮಾರಾಯಾ?" ಎಂದು ಕೆಲವರು ನಗೆಯಾಡಿದ್ದರು. ಆದ್ದರಿಂದ ಈ ಸಲ ಮಳೆಯನ್ನು ಬಿಟ್ಟು, ದಸರಾ ರಜೆ ಮುಗಿದಂದಿನಿಂದ ನಮ್ಮ ತರಗತಿಯಲ್ಲಿ ನಡೆಯುತ್ತಿರುವ ಜಗಳದ ಬಗ್ಗೆ ಬರೆಯುತ್ತೇನೆ. ಈ ಜಗಳಕ್ಕೆ ಒಂದು ರೀತಿಯಲ್ಲಿ ನಾನೇ ಕಾರಣ.

ಬೆಂಗಳೂರಿನಲ್ಲಿ ಬೇಕರಿ ಇಟ್ಟಿರುವ ದೊಡ್ಡಮ್ಮನ ಮಗ ರಜೆಗೆ ಬಂದವನು ಪೆನ್‌ಡ್ರೈವ್‌ನಲ್ಲಿ 'ದಿ ಫ್ಲ್ಯಾಶ್' ಎಂಬ ಅಮೆರಿಕದ ಧಾರಾವಾಹಿ ತಂದಿದ್ದ. ಐದಾರು ಜನ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ನೋಡಿದೆವು. ಮಾತೆಲ್ಲ ಇಂಗ್ಲಿಷ್. ಅಣ್ಣ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದ. ಅರ್ಧ ಕಥೆ ಅವನದ್ದೇ ಇರಬಹುದು ಎಂಬ ಅನುಮಾನದಿಂದ ಆಮೇಲೆ ವಿಚಾರಿಸಿದೆ. ಇಲ್ಲ, ಸರಿಯಾಗಿಯೇ ಹೇಳಿದ್ದಾನೆ.

ನೋಡದವರಿಗಾಗಿ ಕಥೆ ಹೇಳಬೇಕು. 1997ರಲ್ಲಿ ದೂರದರ್ಶನದಲ್ಲಿ ಶುರುವಾದ ಶಕ್ತಿಮಾನ್ ನಮ್ಮ ಅಪ್ಪ ಅಮ್ಮಂದಿರಿಗೆ ಹೇಗೋ, ಅಲ್ಲಿಯವರಿಗೆ ಈ ಫ್ಲ್ಯಾಶ್ ಹಾಗೆ. 2014ರಿಂದ 2023ರವರೆಗೆ ಒಂಬತ್ತು ಕಂತು, ಅಂದರೆ ಒಂಬತ್ತು ಸೀಸನ್ ಬಂದಿದೆ. ಬ್ಯಾರಿ ಆಲೆನ್ ಎಂಬವನಿಗೆ ಮಿಂಚಿನ ವೇಗದಲ್ಲಿ ಓಡುವ ಶಕ್ತಿ ಸಿಗುತ್ತದೆ. ವೇಗ ಹೆಚ್ಚಾದರೆ ಹಿಂದಿನ ಕಾಲಕ್ಕೂ ಓಡಬಹುದು. ಅವನು ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಅವನ ತಾಯಿಯನ್ನು ಒಬ್ಬ ಖಳ ಕೊಂದಿರುತ್ತಾನೆ, ತಪ್ಪಿಲ್ಲದ ತಂದೆ ಜೈಲಿಗೆ ಹೋಗಿರುತ್ತಾನೆ. ಎರಡನೇ ಸೀಸನ್ನಿನಲ್ಲಿ ತಂದೆಯೂ ಕೊಲೆಯಾಗುತ್ತಾನೆ. ಬ್ಯಾರಿ ದುಃಖ ತಡೆಯಲಾರದೆ ಹಿಂದಕ್ಕೆ ಓಡಿ ತಾಯಿಯನ್ನು ಉಳಿಸಿಬಿಡುತ್ತಾನೆ. ಮುಂದಿನದ್ದು 2016ರ ಅಕ್ಟೋಬರಿನಲ್ಲಿ ಬಂದ 'ಫ್ಲ್ಯಾಶ್‌ಪಾಯಿಂಟ್' ಎಂಬ ಎಪಿಸೋಡ್. ಹೊಸ ಲೋಕದಲ್ಲಿ ಮೂರು ತಿಂಗಳು ಅವನು ಅಪ್ಪ ಅಮ್ಮನ ಜೊತೆ ಸುಖವಾಗಿರುತ್ತಾನೆ. ಆದರೆ ಅವನ ನೆನಪುಗಳು ಅಳಿಸಿಹೋಗುತ್ತವೆ, ಬೇಕಾದವರಿಗೆ ಕೆಡುಕಾಗುತ್ತದೆ. ಕೊನೆಗೆ ಅದೇ ಖಳನ ಹತ್ತಿರ ಹೋಗಿ, ತಾಯಿಯನ್ನು ಮತ್ತೆ ಕೊಲ್ಲು ಎಂದು ತಾನೇ ಕೇಳಿಕೊಳ್ಳಬೇಕಾಗುತ್ತದೆ!

ನಮ್ಮ ತರಗತಿಯಲ್ಲಿ ಎರಡು ಪಕ್ಷ. "ತಾಯಿಗಾಗಿ ಮಾಡ್ದ, ಸಮ ಮಾಡ್ದ" ಎನ್ನುವವರು ಒಂದು ಕಡೆ. "ಅಷ್ಟ್ ದೊಡ್ಡ ಕಥೆನ ಒಂದೇ ಎಪಿಸೋಡಲ್ಲಿ ಮುಗ್ಸಿದ್ರ್, ಒಟ್ರಾಶಿ ಮೋಸ" ಎನ್ನುವವರು ಇನ್ನೊಂದು ಕಡೆ. ತಮಾಷೆ ಏನೆಂದರೆ ಅಮೆರಿಕದ ಅಭಿಮಾನಿಗಳೂ ಇದನ್ನೇ ಹೇಳಿ ಜಗಳವಾಡಿದ್ದಾರೆ. 2011ರಲ್ಲಿ ಇದೇ ಹೆಸರಿನ ಚಿತ್ರಕಥೆ ಪುಸ್ತಕ ಐದು ಸಂಚಿಕೆಗಳಲ್ಲಿ ಬಂದಿತ್ತು. ಅದನ್ನು ಓದಿದವರಿಗೆ ಟಿವಿಯಲ್ಲಿ ಕಂಡದ್ದು ಸಾಲಲಿಲ್ಲ. ಬ್ಯಾರಿ ಸ್ವಾರ್ಥಿ ಎಂದು ಬೈದವರೂ ಬಹಳ.

ಕಾಲದಲ್ಲಿ ಹಿಂದೆ ಹೋಗಲು ಸಾಧ್ಯವೇ ಎಂದೂ ಕೆಲವರು ಕೇಳಿದರು. ವೇಗ ಹೆಚ್ಚಿದಂತೆ ಗಡಿಯಾರ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದು ನಿಜ, ಆದರೆ ಅದರಿಂದ ಮುಂದಕ್ಕೆ ಮಾತ್ರ ಹೋಗಬಹುದು. ಭಾಗವತದ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತು. ಅವನೂ ಹಿಂದಕ್ಕೆ ಹೋಗಲಿಲ್ಲ. ಇರಲಿ, ನನ್ನ ತಕರಾರು ವಿಜ್ಞಾನದ್ದಲ್ಲ.

ಎಲ್ಲವೂ ಮೊದಲಿನಂತಾಯಿತು, ಹಾಗಾಗಿ ನೋಡಿದ್ದು ವ್ಯರ್ಥ ಎನ್ನುವ ಮಾತು ಸರಿಯಲ್ಲ. ಎಲ್ಲವೂ ಮೊದಲಿನಂತೆ ಆಗಲೇ ಇಲ್ಲ. ಮುಂದಿನ ಎಪಿಸೋಡಿನಲ್ಲಿ ಹಿರಿಯನೊಬ್ಬ ಹೋಟೆಲಿನಲ್ಲಿ ಕಾಫಿ ಕಪ್ಪು ಒಡೆದು ತೋರಿಸುತ್ತಾನೆ. ಅಂಟಿಸಬಹುದು, ಬಿರುಕು ಹೋಗುವುದಿಲ್ಲ ಎನ್ನುತ್ತಾನೆ. ಬ್ಯಾರಿಯ ಗೆಳೆಯ ಡಿಗಲ್‌ಗೆ ಸಾರಾ ಎಂಬ ಪುಟ್ಟ ಮಗಳಿದ್ದಳು. ಬ್ಯಾರಿ ಹಿಂದಿರುಗಿದಾಗ ಆ ಮಗಳು ಇಲ್ಲ, ಬದಲಿಗೆ ಜಾನ್ ಎಂಬ ಮಗ ಇದ್ದಾನೆ. ಬ್ಯಾರಿ ಬಾಯಿಬಿಟ್ಟು ಹೇಳುವ ತನಕ ಅಪ್ಪನಿಗೇ ಅದು ಗೊತ್ತಿಲ್ಲ. ಅಭಿಮಾನಿಗಳಿಗೆ ಬಹಳ ಸಿಟ್ಟು ಬಂದ ವಿಷಯಗಳಲ್ಲಿ ಇದೂ ಒಂದು, ಮತ್ತು ಇದು ನ್ಯಾಯವಾದ ಸಿಟ್ಟು.

ಇನ್ನೊಬ್ಬ ಗೆಳೆಯ ಸಿಸ್ಕೋ. ಬದಲಾದ ಕಾಲದಲ್ಲಿ ಅವನ ಅಣ್ಣ ಡಾಂಟೆ, ಕುಡಿದು ಗಾಡಿ ಬಿಟ್ಟವನೊಬ್ಬನಿಂದ ಸತ್ತಿರುತ್ತಾನೆ. "ನಿನ್ನ ಅಮ್ಮನಿಗಾಗಿ ಹೋದೆಯಲ್ಲ, ನನ್ನ ಅಣ್ಣನಿಗಾಗಿಯೂ ಹೋಗು" ಎನ್ನುತ್ತಾನೆ. ಬ್ಯಾರಿ ಹೋಗುವುದಿಲ್ಲ. ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಆದರೆ ಕಥೆ ಬರೆದವರು ಸಿಸ್ಕೋನನ್ನು 1951ನೇ ಇಸವಿಗೆ ಕಳಿಸಿ, ಅವನ ಕೈಯಲ್ಲೂ ಒಂದು ತಪ್ಪು ಮಾಡಿಸಿ, ಬೇಗ ಬೇಗ ರಾಜಿ ಮಾಡಿಸಿಬಿಟ್ಟರು. ನಿಜವಾದ ಮೋಸ ಇಲ್ಲಿದೆ.

ಯೋಚಿಸಿ ನೋಡಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯ ಸಮೇತ ಕಾಣೆಯಾಯಿತು. ಬೋಟಿನ ಅವಶೇಷ ಮಹಾರಾಷ್ಟ್ರದ ಕಡಲಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಹಿಂದಕ್ಕೆ ಓಡುವವನೊಬ್ಬ ನಮ್ಮ ಕರಾವಳಿಯಲ್ಲಿ ಇದ್ದಿದ್ದರೆ ಅವನ ಮನೆಯ ಬಾಗಿಲಲ್ಲಿ ಎಷ್ಟು ಜನ ನಿಲ್ಲುತ್ತಿದ್ದರು? ಯಾರಿಗೆ ಹೂಂ ಎನ್ನುತ್ತಿದ್ದ, ಯಾರಿಗೆ ಇಲ್ಲ ಎನ್ನುತ್ತಿದ್ದ?

ಮೇಳದ ಆಟದಲ್ಲಿ ಅಭಿಮನ್ಯು ಕಾಳಗ ನೋಡಿದ್ದೀರಲ್ಲ. ಹುಡುಗ ಸಾಯುತ್ತಾನೆ ಎಂದು ಎದುರು ಕುಳಿತ ಪ್ರತಿಯೊಬ್ಬರಿಗೂ ಗೊತ್ತು, ಆದರೂ ಚಂಡೆ ಏರಿದಾಗ ಗಂಟಲು ಕಟ್ಟುತ್ತದೆ. ಮರುದಿನ ಕೃಷ್ಣ ಚಕ್ರ ಹಿಡಿದು ಸೂರ್ಯನನ್ನೇ ಮರೆಮಾಡಿ, ಹೊತ್ತು ಮುಳುಗಿತು ಎಂದು ಸೈಂಧವನನ್ನು ನಂಬಿಸುತ್ತಾನೆ. ಹೊತ್ತಿನ ಜೊತೆ ಅಷ್ಟು ಆಟ ಆಡಬಲ್ಲವನು ಒಂದು ದಿನ ಹಿಂದಕ್ಕೆ ತಿರುಗಿಸಲಿಲ್ಲ. ಅರ್ಜುನನೂ ಕೇಳಲಿಲ್ಲ. ಕೃಷ್ಣ ತಿರುಗಿಸಿದ್ದರೆ ಆ ಪ್ರಸಂಗವನ್ನು ನೋಡಲು ಯಾರು ಬೆಳಗಿನ ತನಕ ಕುಳಿತಾರು?

ಈಗ ನಮ್ಮ ಮನೆಯ ವಿಷಯ. ಆ ಎಪಿಸೋಡ್ ನಡೆಯುವಾಗ ಅಮ್ಮಮ್ಮ ಬಾಗಿಲ ಹತ್ತಿರ ಕುಳಿತು ಬಲೆ ರಿಪೇರಿ ಮಾಡುತ್ತಿದ್ದರು. "ಅದ್ಯಾರ್, ಹೆಂಗ್ಸ್?" ಎಂದು ಕೇಳಿದರು. ಸತ್ತ ತಾಯಿ, ಮಗ ಹೋಗಿ ಉಳಿಸಿದ್ದು ಎಂದು ಅಣ್ಣ ಹೇಳಿದ. "ತಾನ್ ಸತ್ತದ್ದ್ ಅವ್ಳಿಗ್ ಗೊತ್ತಿತ್ತಾ?" ಎಂದರು. ನಮಗೆ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಕೊನೆಗೆ ಅವನೇ ತಾಯಿಯನ್ನು ಮತ್ತೆ ಸಾವಿಗೆ ಬಿಟ್ಟ ಎಂದಾಗ ಬಲೆ ಕೆಳಗಿಟ್ಟರು. "ಎರಡ್ ಸಲ ಹೆಣ ಕಂಡ್ನಾ ಅವ್ನ್? ನಮ್ಗ್ ಒಂದ್ ಸಲವೂ ಸಿಕ್ಲಿಲ್ಲ" ಎಂದು ಎದ್ದು ಒಳಗೆ ಹೋದರು.

ಅಮ್ಮನ ತಮ್ಮ, ಅಂದರೆ ನನ್ನ ಮಾವ, ನಾನು ಹುಟ್ಟುವ ಮೊದಲು ಆಷಾಢದ ಕಡಲಿಗೆ ನಾಡದೋಣಿಯಲ್ಲಿ ಹೋದವರು. ಅಲೆಗೆ ದೋಣಿ ಮಗುಚಿತು. ನಾಲ್ಕು ಜನ ಈಜಿ ದಡ ಸೇರಿದರು, ಮಾವ ಸೇರಲಿಲ್ಲ. "ಅವತ್ತ್ ನಾನ್ ಒಂದ್ ಮಾತ್ ಬ್ಯಾಡ ಅಂದಿರೆ" ಎಂದು ಅಮ್ಮ ಪ್ರತಿ ಮಳೆಗಾಲದಲ್ಲೂ ಹೇಳುತ್ತಾರೆ. ಕಳೆದ ಸಂಚಿಕೆಯ ಮಳೆಯ ಲೇಖನದಲ್ಲಿ ಇದನ್ನು ಬರೆಯಬೇಕೆಂದಿದ್ದೆ, ಧೈರ್ಯ ಬರಲಿಲ್ಲ. ನಾನೂ ಸಣ್ಣವನಿದ್ದಾಗ, ನನಗೆ ಹಿಂದಕ್ಕೆ ಹೋಗಲು ಬಂದರೆ ಆ ಬೆಳಿಗ್ಗೆ ಹೋಗಿ ದೋಣಿಯ ಹಗ್ಗ ಹಿಡಿದುಕೊಳ್ಳುತ್ತೇನೆ ಎಂದುಕೊಳ್ಳುತ್ತಿದ್ದೆ.

ಆದರೆ ಆ ದಿನ ದೋಣಿಗೆ ಹೋಗಬೇಕಾದವರು ಮಾವ ಅಲ್ಲ, ನಮ್ಮ ನೆರೆಮನೆಯವರು. ಅವರಿಗೆ ಜ್ವರ ಬಂದದ್ದರಿಂದ ಮಾವ ಹೋದದ್ದು. ಅವರ ಮಗಳು ಆಮೇಲೆ ಹುಟ್ಟಿದವಳು, ಈಗ ನಮ್ಮ ತರಗತಿಯಲ್ಲೇ ಓದುತ್ತಿದ್ದಾಳೆ. ನಾನು ಹೋಗಿ ಹಗ್ಗ ಹಿಡಿದರೆ ಅವಳು ಡಿಗಲ್‌ನ ಸಾರಾ ಆಗುತ್ತಾಳೆ. ಅವಳು ಇದ್ದಳು ಎಂದು ಯಾರಿಗೂ ಗೊತ್ತೇ ಇರುವುದಿಲ್ಲ, ನನಗೂ ಕೂಡ.

ಬ್ಯಾರಿ ಮಾಡಿದ್ದು ತಪ್ಪು ಎಂದು ನಾನು ಹೇಳುವುದು ಇದಕ್ಕೇ. ತಾಯಿಯ ಮೇಲೆ ಪ್ರೀತಿ ಇದ್ದದ್ದು ತಪ್ಪಲ್ಲ. ಮೊದಲನೇ ಸೀಸನ್ನಿನ ಕೊನೆಯಲ್ಲಿ, 2015ರಲ್ಲಿ, ಅವನು ಅದೇ ರಾತ್ರಿಗೆ ಹೋಗಿ, ಉಳಿಸದೆ, ಸಾಯುತ್ತಿರುವ ತಾಯಿಯ ಹತ್ತಿರ ಕುಳಿತು ತಾನೂ ಅಪ್ಪನೂ ಚೆನ್ನಾಗಿದ್ದೇವೆ ಎಂದು ಹೇಳುತ್ತಾನೆ. ನನಗೆ ಆ ಎಪಿಸೋಡೇ ದೊಡ್ಡದು. ಅಷ್ಟಕ್ಕೆ ಮಾತ್ರ ಹೋಗಿ ಬರಲು ಸಾಧ್ಯವಿದ್ದರೆ ಅಮ್ಮಮ್ಮನನ್ನು ನಾನೇ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದೆ.

ಇದನ್ನು ಅಂಟಿಸುವ ಮೊದಲು ಆ ಗೆಳತಿಗೆ ಓದಲು ಕೊಟ್ಟೆ. ಬೇಡ ಎಂದರೆ ಹರಿದು ಹಾಕಿ ಮತ್ತೆ ಮಳೆಯ ಬಗ್ಗೆಯೇ ಬರೆಯುವವನಿದ್ದೆ. ಅವಳು ಎರಡು ಸಲ ಓದಿದಳು. "ನಿನ್ನ ಅಕ್ಷರ ಯಾರಿಗೂ ಓದೂಕಾತಿಲ್ಲ, ನಾನ್ ಬರ್ದ್ ಕೊಡ್ತೆ" ಎಂದಳು. ಹಾಗಾಗಿ ಲೇಖನ ನನ್ನದು, ಅಕ್ಷರ ಅವಳದ್ದು. ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟಿದ್ದೇವೆ. ಒಪ್ಪದವರು ಪೆನ್ಸಿಲಿನಲ್ಲಿ ಬರೆಯಿರಿ.

— ಹತ್ತನೆಯ ತರಗತಿ