ರಜೆಯ ದಾರಿ: ಮಸೀರಾ ಮೊದಲು, ನೆಲ ಆಮೇಲೆ



ಹಿಂದಿನ ಸಂಚಿಕೆಗಳಂತೆ ಈ ಸಲವೂ ಒಂದು ರಜೆಗೆ ಸಾಲುವಷ್ಟು ದಾರಿಯನ್ನು ಈ ಪುಟದಲ್ಲಿ ಹೇಳುತ್ತಿದ್ದೇವೆ. ನಿಜ್ವಾ ಕೋಟೆ, ಜಬಲ್ ಅಖ್ದರ್, ವಾದಿ ಶಾಬ್, ಸೂರ್ ಎಲ್ಲವನ್ನೂ ನೋಡಿ ಮುಗಿಸಿದವರು ಈಗ ಕೇಳುತ್ತಿರುವುದು ಮಸೀರಾ ದ್ವೀಪವನ್ನು. ಕೇಳುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಎಷ್ಟು ದಿನ ಬೇಕು?" ನಮ್ಮ ಉತ್ತರ ಕನಿಷ್ಠ ಮೂರು ದಿನ, ನಾಲ್ಕಿದ್ದರೆ ನೆಮ್ಮದಿ. ಒಂದೇ ಶುಕ್ರವಾರ ರಜೆ ಇರುವವರು ಮಸ್ಕತ್‌ನಿಂದ ಈ ಪ್ರವಾಸಕ್ಕೆ ಕೈ ಹಾಕಬೇಡಿ. ಈದ್ ರಜೆಗಾಗಿ ಕಾಯಿರಿ.

ಮಸೀರಾ ಒಮಾನಿನ ಅತಿ ದೊಡ್ಡ ದ್ವೀಪ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 95 ಕಿ.ಮೀ. ಉದ್ದ, ಅಗಲ ಹೆಚ್ಚೆಂದರೆ ಹದಿನಾಲ್ಕು ಕಿ.ಮೀ. ಊರು ಎನ್ನುವಂಥದ್ದು ಉತ್ತರದ ತುದಿಯ ಹಿಲ್ಫ್ ಒಂದೇ. ಪೆಟ್ರೋಲ್, ಅಂಗಡಿ, ಹೋಟೆಲು ಅಲ್ಲೇ. ಮಸ್ಕತ್‌ನಿಂದ ಸಿನಾವ್, ಅಲ್ಲಿಂದ ಮಹೂತ್ ವಿಲಾಯತ್ತಿನ ಹಿಜ್, ಅಲ್ಲಿಂದ ಶನ್ನಾ ಬಂದರು: ನಿಲ್ಲಿಸಿಕೊಂಡು ಹೋದರೆ ಐದಾರು ಗಂಟೆಯ ದಾರಿ. ಶನ್ನಾದಿಂದ ಕಾರು ಸಮೇತ ಫೆರ್ರಿ ಹತ್ತಬೇಕು. ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಹಿಲ್ಫ್ ತಲುಪಬಹುದು.

ಫೆರ್ರಿಯನ್ನು ಬಸ್ಸಿನಂತೆ ಎಣಿಸಬಾರದು. ಶನ್ನಾ ಕಡೆಯ ಸಮುದ್ರ ತೀರ ಆಳವಿಲ್ಲದ್ದು. ಉಬ್ಬರ ಇಳಿತ ನೋಡಿಕೊಂಡು ದೋಣಿ ಹೊರಡಬೇಕು. ಜೋರು ಗಾಳಿ ಎದ್ದರೆ ತಡವಾಗುತ್ತದೆ, ಕೆಲವೊಮ್ಮೆ ಹೊರಡುವುದೇ ಇಲ್ಲ. ಈದ್ ಕಾಲದಲ್ಲಿ ಕಾರುಗಳ ಸಾಲು ಬೇರೆ. ಅದಕ್ಕೇ ಹೋಗುವ ಟಿಕೆಟಿನ ಜೊತೆಗೇ ವಾಪಸು ಟಿಕೆಟನ್ನೂ ಮಾಡಿಸಿಕೊಳ್ಳಿ. ರೆಸಿಡೆಂಟ್ ಕಾರ್ಡ್ ಮತ್ತು ಗಾಡಿಯ ಕಾಗದ ಕೈಗೆ ಸಿಗುವಂತಿರಲಿ.

ಈ ಸಲ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಮಾತು ಇಲ್ಲಿಂದ ಶುರು. ಸಾಮಾನ್ಯವಾಗಿ ಎಲ್ಲರೂ ಯೋಜನೆ ಹಾಕುವುದು ಹೀಗೆ: ಮೊದಲ ದಿನ ದಾರಿಯಲ್ಲಿ ಸಿಗುವ ಮರಳುಗುಡ್ಡ, ಹಕ್ಕಿಗಳು, ಆಮೇಲೆ ದ್ವೀಪ, ಕೊನೆಯ ದಿನ ಸಂಜೆಯ ಫೆರ್ರಿ ಹಿಡಿದು ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ಡ್ಯೂಟಿಗೆ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಒಂದು ಫೆರ್ರಿ ತಪ್ಪಿದರೆ ಗತಿಯೇನು? ಕಂಪನಿ ಮೆತ್ತಗಿದ್ದರೆ ಒಂದು ದಿನದ ಸಂಬಳ ಹೋದೀತು. ಬಿಗಿಯಿದ್ದರೆ ಮೆಮೊ ಬಂದೀತು. ಫೆರ್ರಿ ಎರಡು ಗಂಟೆ ತಡವಾಗಿ ಸಿಕ್ಕಿದರೆ ಇನ್ನೂ ಕಷ್ಟ. ಆ ಎರಡು ಗಂಟೆಯನ್ನು ರಸ್ತೆಯಲ್ಲಿ ಹಿಡಿದುಬಿಡುತ್ತೇನೆ ಎಂದು ಡ್ರೈವರ್ ಆಕ್ಸಿಲರೇಟರ್ ಒತ್ತುತ್ತಾನೆ. ಹಿಜ್‌ನಿಂದ ಸಿನಾವ್‌ವರೆಗಿನ ದಾರಿ ನೆಟ್ಟಗೆ, ಕತ್ತಲು, ದೂರ ದೂರ ದೀಪವಿಲ್ಲ. ರಸ್ತೆಗೆ ಬಂದು ನಿಂತ ಒಂಟೆ ಹೆಡ್‌ಲೈಟಿಗೆ ಕಾಣುವುದು ತೀರ ಹತ್ತಿರ ಬಂದ ಮೇಲೆ. ಅದರ ಕಾಲು ಉದ್ದ. ಗುದ್ದಿದರೆ ಮೈ ಬಾನೆಟ್ಟಿನ ಮೇಲೆ ಹಾದು ಗಾಜಿಗೇ ಬೀಳುತ್ತದೆ. ಊರಲ್ಲಿ ಕಾಯುವವರಿರುವ ನಾವು ಈ ಲೆಕ್ಕವನ್ನು ಮರೆಯಬಾರದು.

ಆದ್ದರಿಂದ ಯೋಜನೆಯನ್ನು ತಿರುಗಿಸಿ ಹಾಕಿ. ದ್ವೀಪ ಮೊದಲು, ನೆಲದ ಮೇಲಿನ ಜಾಗಗಳು ಕೊನೆಗೆ. ಫೆರ್ರಿ ತಡವಾದರೆ ನೆಲದ ಮೇಲಿನ ಒಂದು ಜಾಗ ಬಿಟ್ಟರಾಯಿತು. ಹಗಲಿನಲ್ಲೇ ಮನೆ ಸೇರಬಹುದು. ಕೊನೆಯ ದಿನದ ಸುತ್ತಾಟ ನೋಡುವುದಕ್ಕೂ ಹೌದು, ತಡವಾದರೆ ತುಂಬಿಕೊಳ್ಳುವುದಕ್ಕೂ ಹೌದು.

ಮೊದಲ ದಿನ: ಬೆಳಗಿನ ಜಾವ ಮಸ್ಕತ್ ಬಿಡಿ. ಹಿಂದಿನ ರಾತ್ರಿ ಶಿಫ್ಟ್ ಮುಗಿಸಿ ಬಂದವರು ಸ್ಟೇರಿಂಗ್ ಮುಟ್ಟಬಾರದು. ನಿದ್ದೆ ಮಾಡಿದವರೇ ಓಡಿಸಲಿ. ಗುರುವಾರವಾದರೆ ಸಿನಾವ್ ಸಂತೆಯನ್ನು ಅರ್ಧ ಗಂಟೆ ನೋಡಿ. ಆಡು, ಒಂಟೆಗಳ ಚೌಕಾಸಿ ನಡೆಯುವ ಆ ಜಾಗದಲ್ಲಿ ನಿಂತರೆ ನಮ್ಮ ಉತ್ತರ ಕರ್ನಾಟಕದವರಿಗೆ ಊರಿನ ಸಂತೆ ನೆನಪಾಗದೆ ಇರದು. ಹಿಜ್‌ನಲ್ಲಿ ಟ್ಯಾಂಕ್ ತುಂಬಿಸಿ. ಮಧ್ಯಾಹ್ನದ ಫೆರ್ರಿ ಸಿಕ್ಕಿದರೆ ಸಂಜೆಗೆ ದ್ವೀಪದ ಪಶ್ಚಿಮ ದಂಡೆಯಲ್ಲಿ ಸೂರ್ಯಾಸ್ತ ನೋಡಬಹುದು. ಪಶ್ಚಿಮದ ನೀರು ಶಾಂತ. ಮಕ್ಕಳಿರುವವರು ಕಾಲು ನೆನೆಸುವುದಾದರೆ ಈ ಕಡೆಯೇ ಸರಿ.

ಎರಡನೆಯ ದಿನ: ದ್ವೀಪವನ್ನು ಸುತ್ತುವ ಡಾಂಬರು ರಸ್ತೆಯಿದೆ. ಉದ್ದವೇ 95 ಕಿ.ಮೀ. ಆದ ಮೇಲೆ ಒಂದು ಸುತ್ತು ಬರಲು 150 ಕಿ.ಮೀ. ಮೀರುತ್ತದೆ, ಹಿಲ್ಫ್ ಬಿಟ್ಟರೆ ಪೆಟ್ರೋಲ್ ಸಿಗುತ್ತದೆಂದು ನಂಬಬೇಡಿ. ಪೂರ್ವದ ದಂಡೆಯಲ್ಲಿ ಇಳಿದು ದಕ್ಷಿಣದ ತುದಿ ಮುಟ್ಟಿ ಪಶ್ಚಿಮದಲ್ಲಿ ಹತ್ತಿ ಬನ್ನಿ. ದಾರಿಯಲ್ಲಿ ಕಾಣುವ ಕಪ್ಪು, ಹಸಿರು, ಕಂದು ಕಲ್ಲುಗುಡ್ಡಗಳು ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದವು. ಮಸ್ಕತ್ ಹಿಂದಿನ ಹಜರ್ ಬೆಟ್ಟಗಳಲ್ಲೂ ಇಂಥ ಕಲ್ಲಿದೆ, ಅದರ ವಯಸ್ಸು ಸುಮಾರು 9.5 ಕೋಟಿ ವರ್ಷ. ಮಸೀರಾದ ಕಲ್ಲು ಅದಕ್ಕಿಂತ ಹಿರಿಯದು, ಸುಮಾರು 15 ಕೋಟಿ ವರ್ಷದ್ದು.

ಪೂರ್ವದ ಸಮುದ್ರ ತೆರೆದ ಅರಬ್ಬಿ ಸಮುದ್ರ. ನಮ್ಮ ಕರಾವಳಿಯ ಹುಡುಗರು "ನಮಗೆ ಈಜು ಬರುತ್ತದೆ" ಎಂದು ಇಳಿಯುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಧೈರ್ಯ ಬೇಡವೇ ಬೇಡ. ಮಂಗಳೂರು, ಕಾರವಾರಕ್ಕೆ ಮುಂಗಾರು ತರುವ ನೈರುತ್ಯ ಗಾಳಿ ಆಗ ಈ ದ್ವೀಪವನ್ನು ಹಾದೇ ಹೋಗುತ್ತಿರುತ್ತದೆ. ಊರಲ್ಲಿ ಮಳೆಯಾಗಿ ಸುರಿಯುವುದು ಇಲ್ಲಿ ಒಣಗಾಳಿಯಾಗಿ, ಮರಳಾಗಿ ಮುಖಕ್ಕೆ ಹೊಡೆಯುತ್ತದೆ. ಆ ಗಾಳಿಗೆ ಸಮುದ್ರದ ಆಳದ ತಣ್ಣನೆಯ ನೀರು ಮೇಲೆ ಬರುವುದರಿಂದ ಮಸ್ಕತ್ ಕುದಿಯುವಾಗಲೂ ಮಸೀರಾ ತಂಪಾಗಿರುತ್ತದೆ. ಗಾಳಿಪಟ ಕಟ್ಟಿಕೊಂಡು ಅಲೆಯ ಮೇಲೆ ಜಾರುವ ಆಟಕ್ಕೆ ದೂರದೇಶದವರು ಬರುವುದೂ ಆಗಲೇ. ನೋಡಿ ಆನಂದಿಸಿ, ನೀರಿಗೆ ಇಳಿಯಬೇಡಿ. ಮೇ-ಜೂನ್ ಮತ್ತು ಅಕ್ಟೋಬರ್-ನವೆಂಬರ್ ಚಂಡಮಾರುತದ ಕಾಲ ಎಂಬುದೂ ನೆನಪಿರಲಿ. 1977ರ ಜೂನ್‌ನಲ್ಲಿ ಬಂದ ಚಂಡಮಾರುತ ಈ ದ್ವೀಪದ ಕಟ್ಟಡಗಳನ್ನು ನೆಲಸಮ ಮಾಡಿತ್ತು. ಹವಾಮಾನ ಇಲಾಖೆಯ ಎಚ್ಚರಿಕೆ ಇದ್ದರೆ ಟಿಕೆಟಿನ ದುಡ್ಡು ಹೋದರೂ ಹೊರಡಬೇಡಿ.

ಮಸೀರಾ ಹೆಸರಾಗಿರುವುದು ಕಡಲಾಮೆಗಳಿಂದ. ನಾಲ್ಕು ಜಾತಿಯ ಆಮೆಗಳು ಇಲ್ಲಿ ಮೊಟ್ಟೆಯಿಡುತ್ತವೆ: ಲಾಗರ್‌ಹೆಡ್, ಹಸಿರಾಮೆ, ಹಾಕ್ಸ್‌ಬಿಲ್, ಆಲಿವ್ ರಿಡ್ಲಿ. ಇವುಗಳಲ್ಲಿ ಆಲಿವ್ ರಿಡ್ಲಿ ನಮ್ಮ ಹೊನ್ನಾವರ, ಕುಂದಾಪುರದ ದಂಡೆಗೂ ಬರುವ ನೆಂಟ. ಲಾಗರ್‌ಹೆಡ್‌ಗಳಂತೂ ಜಗತ್ತಿನಲ್ಲೇ ಅತಿ ಹೆಚ್ಚು ಸೇರುತ್ತಿದ್ದ ಜಾಗಗಳಲ್ಲಿ ಇದೊಂದು. 1970ರ ದಶಕದಲ್ಲಿ ವರ್ಷಕ್ಕೆ ಸುಮಾರು 30,000 ತಾಯಿ ಆಮೆಗಳೆಂದು ಅಂದಾಜಿಸಿದ್ದರು; ಆಮೇಲೆ ಆ ಸಂಖ್ಯೆ ತೀರ ಕುಸಿದಿದೆ. ಮೀನಿನ ಬಲೆಗೆ ಸಿಕ್ಕಿ ಸಾಯುವುದು ಒಂದು ಕಾರಣ, ದಂಡೆಯ ದೀಪಗಳು ಇನ್ನೊಂದು. ಮೇ ತಿಂಗಳಿಂದ ಆಗಸ್ಟ್‌ವರೆಗೆ ಹೋಗುವವರು ರಾತ್ರಿ ದಂಡೆಯ ಮೇಲೆ ಕಾರು ಓಡಿಸಬೇಡಿ, ಹೆಡ್‌ಲೈಟ್ ಬಿಡಬೇಡಿ, ಮೊಬೈಲ್ ಟಾರ್ಚ್ ಹಿಡಿದು ಸೆಲ್ಫಿಗೆ ನಿಲ್ಲಬೇಡಿ. ಬೆಳಕು ಕಂಡ ತಾಯಿ ಮೊಟ್ಟೆಯಿಡದೆ ಸಮುದ್ರಕ್ಕೆ ಮರಳುತ್ತದೆ. ಮರಿಗಳು ನೀರಿನ ಬದಲು ದೀಪದ ಕಡೆಗೆ ತೆವಳಿ ಒಣಗಿ ಸಾಯುತ್ತವೆ. ಬೆಳಿಗ್ಗೆ ಎದ್ದು ಮರಳಿನ ಮೇಲೆ ಟ್ರ್ಯಾಕ್ಟರ್ ಹೋದಂತೆ ಬಿದ್ದ ಅವುಗಳ ಜಾಡು ನೋಡುವುದೇ ಸಾಕಷ್ಟು ಖುಷಿ.

ಮೂರನೆಯ ದಿನ: ಬೆಳಗಿನ ಫೆರ್ರಿ ಹಿಡಿದು ಶನ್ನಾಕ್ಕೆ ಬನ್ನಿ. ಶನ್ನಾ ಇರುವುದೇ ಬರ್ ಅಲ್ ಹಿಕ್ಮಾನ್ ಎಂಬ ಕೆಸರುಬಯಲಿನ ನಾಡಿನಲ್ಲಿ. ಚಳಿಗಾಲದಲ್ಲಿ ಸುಮಾರು ಐದು ಲಕ್ಷ ನೀರಹಕ್ಕಿಗಳು ಉತ್ತರದ ಶೀತದೇಶಗಳಿಂದ ಬಂದು ಇಲ್ಲಿ ತಂಗುತ್ತವೆ. ರಾಜಹಂಸಗಳ ಜೊತೆಗೆ ಏಡಿಯನ್ನೇ ತಿಂದು ಬದುಕುವ ಕಪ್ಪು-ಬಿಳಿ ಹಕ್ಕಿಯೊಂದನ್ನೂ ಕಾಣಬಹುದು. ಅದು ಮರಳಿನಲ್ಲಿ ಬಿಲ ತೋಡಿ ಮೊಟ್ಟೆಯಿಡುವಂಥದ್ದು. ನೀರು ಏರುವಾಗ ಹಕ್ಕಿಗಳು ದಡಕ್ಕೆ ಹತ್ತಿರ ಬರುತ್ತವೆ, ಇಳಿದಾಗ ಕಿಲೋಮೀಟರುಗಟ್ಟಲೆ ದೂರ ಹೋಗುತ್ತವೆ. ಮೊಬೈಲಿನಲ್ಲಿ ಉಬ್ಬರದ ಹೊತ್ತು ನೋಡಿಕೊಂಡು ನಿಲ್ಲಿ. ಆದರೆ ಡಾಂಬರು ಬಿಟ್ಟು ಇಳಿಯಬೇಡಿ. ರಸ್ತೆಯ ಎರಡೂ ಕಡೆ ಸಬ್ಖಾ. ಮೇಲೆ ಗಟ್ಟಿ ಉಪ್ಪಿನ ಹಪ್ಪಳ, ಕೆಳಗೆ ಕೆಸರು. ಫೋರ್ ವೀಲ್ ಡ್ರೈವ್ ಗಾಡಿಯೂ ಆಕ್ಸಲ್‌ವರೆಗೆ ಹೂತುಹೋಗುತ್ತದೆ.

ನಾಲ್ಕನೆಯ ದಿನವಿದ್ದರೆ ಹಿಜ್‌ನ ದಕ್ಷಿಣಕ್ಕಿರುವ ಖಲೂಫ್‌ಗೆ ಹೋಗಿ. ಮೀನುಗಾರರ ಹಳ್ಳಿ, ಅದರಾಚೆ ಸಕ್ಕರೆಯಂಥ ಬಿಳಿ ಮರಳುಗುಡ್ಡಗಳು ನೇರ ಸಮುದ್ರಕ್ಕೆ ಇಳಿಯುತ್ತವೆ. ಸಾಮಾನ್ಯ ಕಾರನ್ನು ಹಳ್ಳಿಯಲ್ಲೇ ನಿಲ್ಲಿಸಿ ನಡೆಯಿರಿ. ಮರಳಿಗೆ ಇಳಿಸುವ ಗಾಡಿಗಳು ಎರಡಿರಲಿ, ಟೈರಿನ ಗಾಳಿ ಇಳಿಸಿರಲಿ, ವಾಪಸು ತುಂಬಲು ಪಂಪ್ ಇರಲಿ. ದುಕ್ಮ್‌ನ ಬಂದರು, ರಿಫೈನರಿಗಳಲ್ಲಿ ಕೆಲಸ ಮಾಡುವ ನಮ್ಮವರು ಖಲೂಫ್ ನೋಡಲು ಈದ್‌ಗೆ ಕಾಯಬೇಕಿಲ್ಲ. ಅವರಿಗೆ ಇದು ಒಂದು ಶುಕ್ರವಾರದ ದಾರಿ.

ಊಟದ ಮಾತು. ಹಿಲ್ಫ್‌ನಲ್ಲಿ ಪರಾಟ, ದಾಲ್, ಚಹಾಕ್ಕೆ ತೊಂದರೆಯಿಲ್ಲ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ, ಮೊದಲ ದಿನಕ್ಕೆ ಚಿತ್ರಾನ್ನದ ಬುತ್ತಿ ಕಟ್ಟಿಕೊಳ್ಳಿ. ಮೀನು ತಿನ್ನುವವರಿಗೆ ಹಬ್ಬ. ನಮ್ಮ ಅಂಜಲಿಗೆ ಇಲ್ಲಿನವರು 'ಕನದ್' ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ಕನ್ನಡಿಗರ ಕಿವಿ ನೆಟ್ಟಗಾಗುತ್ತದೆ. ಊರಲ್ಲಿ ಜೂನ್-ಜುಲೈ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಂತೆ ಒಮಾನಿನಲ್ಲಿ ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಅಂಜಲ್ ಹಿಡಿಯುವಂತಿಲ್ಲ. ಆಗ ಕೇಳಬೇಡಿ.

ಖರ್ಚು ಹಂಚಿಕೊಂಡರೆ ಹಗುರ. ಕ್ಯಾಂಪಿನಲ್ಲಿರುವವರಿಗೆ ಸ್ವಂತ ಗಾಡಿಯಿರುವುದಿಲ್ಲ. ಕಾರಿರುವ ಕುಟುಂಬಗಳು ಒಂದು ಸೀಟು ಖಾಲಿಯಿದ್ದರೆ ಅವರನ್ನೂ ಕೇಳಿ. ವರ್ಷಗಟ್ಟಲೆ ಇಲ್ಲಿದ್ದೂ ಸೈಟು ಮತ್ತು ಕ್ಯಾಂಪು ಬಿಟ್ಟು ಬೇರೇನೂ ನೋಡದೆ ಊರಿಗೆ ಮರಳಿದವರು ನಮ್ಮಲ್ಲಿ ಬಹಳ ಮಂದಿ. ತಲೆಗೆ ಐದು ಲೀಟರಿನಂತೆ ನೀರು, ಒಂದು ಹಗ್ಗ, ಒಂದು ಸಲಿಕೆ ಡಿಕ್ಕಿಯಲ್ಲಿರಲಿ. ಪೊಲೀಸ್, ಆಂಬುಲೆನ್ಸ್ ಎಲ್ಲಕ್ಕೂ ಕರೆ 9999. ಎಮಿರೇಟ್ಸ್‌ನಿಂದ ಬರುವವರು ವೀಸಾ ನಿಯಮವನ್ನೂ ಕಾರಿನ ವಿಮೆ ಒಮಾನಿಗೆ ಅನ್ವಯಿಸುತ್ತದೆಯೇ ಎಂಬುದನ್ನೂ ಹೊರಡುವ ಮೊದಲೇ ವಿಚಾರಿಸಿ.

ಹೊರಡುವ ಮುನ್ನ ವಾಪಸು ಬರುವ ದಿನವನ್ನು ಮನೆಯವರಿಗೆ ಹೇಳುವಾಗ ಒಂದು ದಿನ ಸೇರಿಸಿಯೇ ಹೇಳಿ. ಬೇಗ ಬಂದರೆ ಯಾರೂ ಬೈಯುವುದಿಲ್ಲ. ಹೋಗಿ ಬಂದವರು ದಾರಿಯ ಹೊಸ ಸುದ್ದಿ ಏನಿದ್ದರೂ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸೇರಿಸುತ್ತೇವೆ.