ಗೇಣುದ್ದದ ಗಾಡಿ, ಮಕ್ಕಳ ಕೈಗೆ ಕೊಡೋಣ



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಅಡಿಕೆಯ ಕೊಳೆ ರೋಗ, ಬೋರ್ಡೊ ದ್ರಾವಣ, ಕಾಫಿಯ ಕಾಂಡಕೊರಕ ಹುಳ ಮತ್ತು ಬಾಕಿ ಉಳಿದ ಸಾಲದ ಕಂತುಗಳ ವಿಷಯ. ಈ ಸಲ ಅವೆಲ್ಲವನ್ನೂ ಪಕ್ಕಕ್ಕಿಟ್ಟು ಮರದ ಆಟಿಕೆ ಗಾಡಿಯ ವಿಷಯ ಬರೆಯುತ್ತಿದ್ದೇವೆ. ಹೋದ ಸಭೆಯಲ್ಲಿ, ವಾರ್ಷಿಕ ಮಹಾಸಭೆಯ ದಿವಸ ಸದಸ್ಯರ ಮಕ್ಕಳಿಗಾಗಿ ಗಾಡಿ ಓಟವೊಂದನ್ನು ಇಡೋಣವೆಂದು ನಾವು ಸೂಚಿಸಿದಾಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಸೆಕ್ರೆಟರಿ ಸಾಹೇಬ್ರ, ಇದು ಅಡಕಿ ಸೊಸೈಟಿಯೋ, ಆಟಗಿ ಸೊಸೈಟಿಯೋ?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಬರವಣಿಗೆಯಲ್ಲಿ ಕೊಡುವುದು ನಮ್ಮ ಕರ್ತವ್ಯ.

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. ನಮ್ಮ ಸ್ಕೌಟ್ ದಳದಲ್ಲಿ ಕಬ್ ಎಂದು ಚಿಕ್ಕ ಹುಡುಗರ ಗುಂಪಿದೆಯಲ್ಲ, ಅಲ್ಲಿಯೂ ಇದೆ. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಎಂಬ ಊರಿನಲ್ಲಿ ಕಬ್ ಗುಂಪೊಂದನ್ನು ನೋಡಿಕೊಳ್ಳುತ್ತಿದ್ದ ಡಾನ್ ಮರ್ಫಿ ಎಂಬವರ ಮಗನಿಗೆ, ಆ ದೇಶದಲ್ಲಿ 1930ರ ದಶಕದಿಂದ ನಡೆದು ಬಂದಿದ್ದ ಸೋಪ್ ಬಾಕ್ಸ್ ಡರ್ಬಿಯಲ್ಲಿ, ಅಂದರೆ ಹುಡುಗರು ತಾವೇ ಕಟ್ಟಿದ ಗಾಡಿಯಲ್ಲಿ ಕುಳಿತು ಇಳಿಜಾರಿನಲ್ಲಿ ಓಡಿಸುವ ಪಂದ್ಯದಲ್ಲಿ, ಭಾಗವಹಿಸುವ ವಯಸ್ಸಾಗಿರಲಿಲ್ಲ. ಹುಡುಗ ಕುಳಿತುಕೊಳ್ಳಲಾಗದಿದ್ದರೆ ಏನಂತೆ, ಗಾಡಿಯನ್ನೇ ಚಿಕ್ಕದು ಮಾಡೋಣವೆಂದು ತಂದೆ ಯೋಚಿಸಿದರು. 1953ರ ಮೇ 15ರಂದು ಮೊದಲ ಓಟ ನಡೆಯಿತು. ಪೈನ್ ಮರದ ತುಂಡು, 4 ಗಾಲಿ, ಅಚ್ಚಿಗೆ ಮೊಳೆ, ಇಷ್ಟೇ ಸಾಮಾನು. ಇದಕ್ಕೆ ಪೈನ್‌ವುಡ್ ಡರ್ಬಿ ಎಂದು ಹೆಸರಾಯಿತು. ಅಂದಿನಿಂದ ಅಲ್ಲಿ ಎಷ್ಟೋ ತಲೆಮಾರಿನ ಹುಡುಗರು ಇದನ್ನು ಮಾಡಿ ದೊಡ್ಡವರಾಗಿದ್ದಾರೆ.

ಪರದೇಶದ ಆಟ ನಮಗೇಕೆ ಎನ್ನುವವರಿಗೆ ಒಂದು ಮಾತು. ಗಾಡಿ ಮಾಡಿ ಆಡುವುದನ್ನು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಸೀಮೆಯಲ್ಲಿ ಬೆಳೆದವರು ಜೋಳದ ದಂಟಿನ ಬೆಂಡು ತೆಗೆದು, ಸಿಬರು ಚುಚ್ಚಿ ಚಕ್ಕಡಿ ಕಟ್ಟಿದವರೇ. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣು ತಂದು ಎತ್ತು ಮಾಡಿದವರೇ. ತೋಟದ ಸೀಮೆಯವರು ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂಡಿಸಿ ಎಳೆದವರು. ಕಲಘಟಗಿಯ ಬಣ್ಣದ ತೊಟ್ಟಿಲನ್ನಂತೂ ಬೇರೆ ಹೇಳಬೇಕಾಗಿಲ್ಲ. ರಾಮಾಯಣ, ಮಹಾಭಾರತದ ಚಿತ್ರ ಬರೆದ ಆ ತೊಟ್ಟಿಲಿನಲ್ಲಿ ಮಲಗಿದ ಕೂಸುಗಳ ಮೊಮ್ಮಕ್ಕಳೂ ಈಗ ಅದೇ ತೊಟ್ಟಿಲಿನಲ್ಲಿ ಮಲಗಿರುವ ಮನೆಗಳಿವೆ. ಆದರೆ ಅದನ್ನು ಮಾಡುವ ಮನೆತನಗಳು ಈಗ ಬೆರಳೆಣಿಕೆಯಷ್ಟು. ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರ್ ಟ್ರೇಲರ್ ಬಂದ ಮೇಲೆ ಬಡಿಗೇರರ ಮನೆಯ ಮುಂದೆ ಗಾಲಿಗೆ ಹಳಿ ಏರಿಸುವ ಬೆಂಕಿಯನ್ನು ನಾವು ನೋಡಿ ಬಹಳ ವರ್ಷವಾಯಿತು. ನಮ್ಮ ಮಕ್ಕಳು ಉಳಿ ಹಿಡಿದದ್ದನ್ನು ಯಾರಾದರೂ ಈಚೆಗೆ ಕಂಡಿದ್ದರೆ ನಮಗೆ ತಿಳಿಸಬೇಕು. ತೋಟ ನಾಳೆ ಅವರ ಕೈಗೇ ಬರುವುದು. ಪಂಪಿನ ನಟ್ಟು ಬಿಚ್ಚಲೂ ಪೇಟೆಗೆ ಫೋನು ಮಾಡುವ ಕೈಗೆ ತೋಟ ಒಪ್ಪಿಸಲು ನಮಗಂತೂ ಧೈರ್ಯವಿಲ್ಲ.

ಶರ್ಯತ್ತಿನ ಹುಚ್ಚು ನಮ್ಮ ಜಿಲ್ಲೆಗೆ ಹೊಸದಲ್ಲ. ಜಾತ್ರೆ ಬಂತೆಂದರೆ ಖಾಲಿ ಗಾಡಾ ಓಟ ಇರಲೇಬೇಕು. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಎತ್ತಿನ ಗಾಡಿ ಓಟ ನಿಂತಾಗ ಊರೂರಲ್ಲಿ ಆದ ಬೇಸರ ನೆನಪಿದೆ. ಆಮೇಲೆ ನಮ್ಮ ರಾಜ್ಯ 2017ರಲ್ಲಿ ಕಾಯ್ದೆ ತಿದ್ದಿತು, 2023ರ ಮೇ ತಿಂಗಳಲ್ಲಿ ಅದೇ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ವಾದದಲ್ಲಿ ಯಾರ ಪಕ್ಷ ಸರಿಯೆಂದು ಇಲ್ಲಿ ಹೇಳಹೊರಟಿಲ್ಲ. ನಮ್ಮ ಗೇಣುದ್ದದ ಗಾಡಿಗೆ ಎತ್ತೂ ಬೇಡ, ಬಾರಕೋಲೂ ಬೇಡ. ಇಳಿಜಾರೇ ಅದರ ಎತ್ತು.

ಇನ್ನು ಮಾಡುವ ಬಗೆ. ಮರದ ತುಂಡು 7 ಇಂಚು ಉದ್ದ, 1¾ ಇಂಚು ಅಗಲ, 1¼ ಇಂಚು ದಪ್ಪ. ತಯಾರಾದ ಗಾಡಿಯ ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ಪೈನ್ ನಮ್ಮಲ್ಲಿಲ್ಲ, ಬೇಕಾಗಿಯೂ ಇಲ್ಲ. ಕಾಫಿಯ ನೆರಳಿಗೆ, ಮೆಣಸಿನ ಬಳ್ಳಿಯ ಆಸರೆಗೆ ಹಚ್ಚಿದ ಸಿಲ್ವರ್ ಓಕ್ ಇದೆ. ಅದೂ ಆಸ್ಟ್ರೇಲಿಯಾದಿಂದ ಬಂದದ್ದೇ, ಈಗ ನಮ್ಮದಾಗಿದೆ. ಒಣಗಿದ ತುಂಡಾದರೆ ಕೀಸಲು ಸುಲಭ. ಪೈನ್‌ಗಿಂತ ತುಸು ಭಾರ, ಆದ್ದರಿಂದ ಒಳಗಿನ ಮರವನ್ನು ಹೆಚ್ಚು ತೆಗೆಯಬೇಕು. ಹಸಿ ಮರ ಮಾತ್ರ ಬೇಡ, ವಾರದಲ್ಲಿ ಸೊಟ್ಟಗಾಗುತ್ತದೆ. ಗಾಲಿಗೆ ಹಾಲೆ ಮರ ಒಳ್ಳೆಯದು. ಚನ್ನಪಟ್ಟಣದ ಗೊಂಬೆಗಳಿಗೆ ಅದನ್ನೇ ಬಳಸುತ್ತಾರೆ. ಲೇತಿನ ಮೇಲೆ ನಾಲ್ಕೂ ಗಾಲಿಯನ್ನು ಒಂದೇ ಅಳತೆಗೆ ತಿರುವಿಸಿಕೊಳ್ಳಬೇಕು. ಗಾಲಿ ಹಗುರವಿದ್ದಷ್ಟೂ ಲೇಸು, ಯಾಕೆಂದರೆ ಭಾರದ ಗಾಲಿಯನ್ನು ತಿರುಗಿಸುವುದರಲ್ಲಿಯೇ ಇಳಿಜಾರಿನ ಶಕ್ತಿಯ ಒಂದು ಪಾಲು ಖರ್ಚಾಗುತ್ತದೆ.

ಮುಖ್ಯವಾದದ್ದು ಅಚ್ಚು. ಹೊಸ ಮೊಳೆಯ ತಲೆಯ ಕೆಳಗೆ ಸಣ್ಣ ಮುಳ್ಳು ಎದ್ದಿರುತ್ತದೆ, ಕಣ್ಣಿಗೆ ಕಾಣದಿದ್ದರೂ ಉಗುರಿಗೆ ಸಿಗುತ್ತದೆ. ಅದನ್ನು ಅರದಿಂದ ತೆಗೆದು, ನಯವಾದ ಪಾಲೀಸ್ ಕಾಗದದಿಂದ ಮಿಂಚುವವರೆಗೆ ಉಜ್ಜಬೇಕು. ನಮ್ಮ ಹಿರಿಯರು ಚಕ್ಕಡಿಗೆ ಕೀಲೆಣ್ಣೆ ಹಾಕುತ್ತಿದ್ದರು. ಇಲ್ಲಿ ಎಣ್ಣೆ ಹಾಕಿದರೆ ಧೂಳು ಕೂಡಿ ಗಾಲಿ ಹಿಡಿಯುತ್ತದೆ. ಒಣ ಗ್ರಾಫೈಟ್ ಪುಡಿಯೇ ಆಗಬೇಕು. ಪೆನ್ಸಿಲ್ ಕಡ್ಡಿ ಕೆರೆದು ಹಾಕಿದರೂ ನಡೆಯುತ್ತದೆ, ಆದರೆ ಅದರಲ್ಲಿ ಜೇಡಿಮಣ್ಣೂ ಬೆರೆತಿರುವುದರಿಂದ ಅಷ್ಟು ನುಣುಪಲ್ಲ. ನಾಲ್ಕೂ ಅಚ್ಚು ನೇರವಾಗಿರಬೇಕು. ಸಪಾಟು ನೆಲದ ಮೇಲೆ ಮೆಲ್ಲಗೆ ದೂಡಿ ನೋಡಿದರೆ ಗಾಡಿ ಯಾವ ಮಗ್ಗುಲಿಗೆ ಎಳೆಯುತ್ತದೆಂದು ತಿಳಿಯುತ್ತದೆ.

ಭಾರ ಎಲ್ಲಿಡಬೇಕೆಂಬುದನ್ನು ಚಕ್ಕಡಿ ಹೇರಿದವರು ಬೇಗ ಹಿಡಿಯುತ್ತಾರೆ, ಆದರೆ ತಲೆಕೆಳಗಾಗಿ. ಚಕ್ಕಡಿಗೆ ಹಿಂಭಾರವಾದರೆ ಮೂಕಿ ಎದ್ದು ಎತ್ತಿನ ಕೊರಳಿಗೆ ಬರುತ್ತದೆ, ಹೀಗಾಗಿ ಎಲ್ಲರೂ ಹಿಂಭಾರಕ್ಕೆ ಹೆದರುತ್ತಾರೆ. ಈ ಗಾಡಿಗೆ ಹಿಂಭಾರವೇ ಬೇಕು. ಇಳಿಜಾರಿನ ತುದಿಯಲ್ಲಿ ನಿಂತಾಗ ಹಿಂಭಾಗ ಮುಂಭಾಗಕ್ಕಿಂತ ಎತ್ತರದಲ್ಲಿರುತ್ತದೆ. ಭಾರ ಅಲ್ಲಿದ್ದರೆ ಅದು ಒಂದಿಷ್ಟು ಹೆಚ್ಚು ಎತ್ತರದಿಂದ ಇಳಿದಂತಾಗಿ ವೇಗ ಹೆಚ್ಚುತ್ತದೆ. ಗಾಡಿಯನ್ನು ಪೆನ್ಸಿಲ್ಲಿನ ಮೇಲೆ ಅಡ್ಡಲಾಗಿಟ್ಟು ತೂಗಿಸಿದರೆ, ಹಿಂದಿನ ಅಚ್ಚಿನಿಂದ ಸುಮಾರು 1 ಇಂಚು ಮುಂದೆ ಸಮತೂಕ ನಿಲ್ಲಬೇಕು. ಇನ್ನೂ ಹಿಂದಕ್ಕೆ ಹೋದರೆ ಮುಂದಿನ ಗಾಲಿ ನೆಲ ಬಿಟ್ಟು ಗಾಡಿ ಅಲ್ಲಾಡುತ್ತದೆ. ಭಾರಕ್ಕೆ ಕಬ್ಬಿಣದ ನಟ್ಟು, ವಾಶರ್ ಸಾಕು. ಸೀಸವನ್ನು ಮಕ್ಕಳ ಕೈಗೆ ಕೊಡಲೇಬಾರದು, ಅದು ವಿಷ.

ಹಾದಿಗೆ ಎರಡು ಉದ್ದ ಹಲಗೆ, ನಡುವೆ ಒಂದೂವರೆ ಇಂಚು ಅಗಲ, ಕಾಲು ಇಂಚು ದಪ್ಪಕ್ಕೆ ಕೀಸಿದ ಅಡಿಕೆ ದಬ್ಬೆ. ಗಾಲಿಗಳು ದಬ್ಬೆಯ ಎರಡೂ ಮಗ್ಗುಲು ಓಡುತ್ತವೆ, ಗಾಡಿ ಹಾದಿ ತಪ್ಪುವುದಿಲ್ಲ. ಮೇಲಿನ ತುದಿ 4 ಅಡಿ ಎತ್ತರ, ಕೆಳಗೆ ಮೆಲ್ಲಗೆ ಬಾಗಿ ಸಪಾಟಾಗಬೇಕು. ಕೀಲು ಕೂಡುವಲ್ಲಿ ಉಬ್ಬು ತಗ್ಗು ಇರಕೂಡದು.

ಇಷ್ಟೆಲ್ಲ ನಮಗೆ ಪುಸ್ತಕ ಓದಿ ಬಂದ ಜ್ಞಾನವಲ್ಲ. ಹೋದ ದೀಪಾವಳಿ ಸೂಟಿಗೆ ಹುಬ್ಬಳ್ಳಿಯಿಂದ ಬಂದ ನಮ್ಮ ಮಗಳ ಮಗ, 9 ವರ್ಷದವನು, ಮೊಬೈಲಿನಲ್ಲಿ ಈ ಓಟವನ್ನು ನೋಡಿ "ಅಜ್ಜಾ, ನಾವೂ ಮಾಡೋಣು" ಎಂದ. ನಾವು ಸಂತೋಷದಿಂದ ಒಪ್ಪಿದೆವು. ತಪ್ಪು ಆದದ್ದು ಅಲ್ಲಿಂದ ಮುಂದೆ. ಅವನು ಗರಗಸ ಹಿಡಿದರೆ ಸೊಟ್ಟ ಹೋಗುತ್ತದೆಂದು ನಾವೇ ಹಿಡಿದೆವು. ಅರ ಜಾರೀತೆಂದು ನಾವೇ ಉಜ್ಜಿದೆವು. ಬಣ್ಣವನ್ನಾದರೂ ಅವನು ಹಚ್ಚಬಹುದಿತ್ತು, ಆದರೆ ರಾತ್ರಿ ಅವನು ಮಲಗಿದ ಮೇಲೆ ನಮಗೆ ಕೈ ತಡೆಯಲಿಲ್ಲ. ಮರುದಿನ ಅಡಿಕೆ ಒಣಗಿಸುವ ಅಂಗಳದಲ್ಲಿ ಓಣಿಯ ಮಕ್ಕಳೆಲ್ಲ ಸೇರಿದರು. ನಮ್ಮ ಗಾಡಿ ಮೊದಲ ಓಟದಲ್ಲಿ ನಡುವೆಯೇ ನಿಂತಿತು. ಅಡಿಮೈ ತಗ್ಗಾಗಿ ದಬ್ಬೆಗೆ ತಾಗುತ್ತಿತ್ತು. ಅಲ್ಲಿಯೇ ಕೂತು ಕೀಸಿ ಮತ್ತೆ ಬಿಟ್ಟೆವು. ಆಮೇಲೆ ಎಲ್ಲ ಓಟವೂ ನಮ್ಮದೇ. ನಾವು ಚಪ್ಪಾಳೆ ತಟ್ಟಿ ಹುಡುಗನ ಕಡೆ ತಿರುಗಿದರೆ, ಅವನು ಕಟ್ಟೆಯ ಮೇಲೆ ಕೂತಿದ್ದ. "ಗೆದ್ದದ್ದು ನೀವು ಅಜ್ಜಾ, ನಾ ಬರೇ ನೋಡೇನಿ" ಎಂದ. ಪಕ್ಕದ ಮನೆಯ ಹುಡುಗಿ ತಾನೇ ಕೊರೆದ ಗಾಡಿ ಇಟ್ಟಿಗೆಯಂತಿತ್ತು, ಪ್ರತಿ ಓಟದಲ್ಲೂ ಕೊನೆಗೆ ಬಂತು. ಆದರೆ ಅವಳು ಸಂಜೆಯವರೆಗೂ ಅದನ್ನು ಕೈಯಿಂದ ಕೆಳಗಿಡಲಿಲ್ಲ. ನಮ್ಮ ಹುಡುಗ ಸೂಟಿ ಮುಗಿದು ಊರಿಗೆ ಹೋಗುವಾಗ ಗಾಡಿಯನ್ನು ನಮ್ಮ ಮೇಜಿನ ಮೇಲೇ ಬಿಟ್ಟು ಹೋದ. ಈಗ ಗೊಬ್ಬರದ ಬಿಲ್ಲುಗಳು ಹಾರದಂತೆ ಅದನ್ನೇ ಭಾರಕ್ಕೆ ಇಟ್ಟಿದ್ದೇವೆ.

ಆ ಬಿಲ್ಲುಗಳನ್ನು ಎತ್ತುವಾಗಲೆಲ್ಲ ಹುಡುಗನ ಮಾತು ನೆನಪಾಗುತ್ತದೆ. ಅಮೆರಿಕದಲ್ಲಿಯೂ ಇದೇ ತಕರಾರು ಹಳೆಯದಂತೆ. ಮಗನ ಹೆಸರಿನಲ್ಲಿ ಅಪ್ಪ ಓಡಿಸುವ ಗಾಡಿಗಳು ಅಲ್ಲಿಯೂ ಬೇಕಾದಷ್ಟು. ಅದಕ್ಕೆ ಎಷ್ಟೋ ಕಡೆ ದೊಡ್ಡವರಿಗೇ ಒಂದು ಬೇರೆ ಓಟ ಇಟ್ಟುಬಿಟ್ಟಿದ್ದಾರೆ. ನಾವೂ ಹಾಗೆಯೇ ಮಾಡಬೇಕೆಂದು ನಮ್ಮ ಅಭಿಪ್ರಾಯ. ಮಕ್ಕಳ ಓಟಕ್ಕೆ ಬರುವ ಗಾಡಿಯನ್ನು ಮಕ್ಕಳು ಸೊಸೈಟಿಯ ಗೋದಾಮಿನಲ್ಲಿ, ಬಡಿಗೇರರ ಎದುರಿಗೆ ಕೂತು ಮಾಡಲಿ. ಗರಗಸದ ಕೆಲಸದಲ್ಲಿ ಬಡಿಗೇರರು ಕೈಗೆ ಕೈ ಕೊಡಲಿ, ಉಳಿದದ್ದು ಅವರವರದೇ. ತಂದೆತಾಯಿಗಳು ಹೊರಗೆ ಚಹಾ ಕುಡಿಯಲಿ. ಬಡಿಗೇರರಿಗೆ ದಿನಗೂಲಿಯನ್ನು ಪೂರ್ತಿ ಕೊಡಬೇಕು, ಸೇವೆಯೆಂದು ಬರೆಸಿಕೊಳ್ಳಬಾರದು. ನಗದು ಬಹುಮಾನ ಬೇಡವೇ ಬೇಡ. ಹಣ ಇಟ್ಟಲ್ಲಿ ಪಂತ ಬರುತ್ತದೆ, ಪಂತ ಬಂದಲ್ಲಿ ಜಗಳ, ಜಾತ್ರೆಗಳಲ್ಲಿ ಕಂಡದ್ದೇ. ಹೆಣ್ಣುಮಕ್ಕಳಿಗೆ ಬೇರೆ ಓಟವೂ ಬೇಡ, ಒಂದೇ ಹಲಗೆ ಸಾಕು.

ಖರ್ಚಿನ ಮಾತು ಕೇಳಿದ ಹಿರಿಯರಿಗೆ ಇಷ್ಟು ಹೇಳಬಹುದು. ಮರ ನಮ್ಮ ತೋಟದ್ದು. ನೆರಳು ತೆಗೆಸಿದಾಗ ಬಿದ್ದ ಸಿಲ್ವರ್ ಓಕ್ ಒಣಗಿ ಕೂತಿದೆ. ದಬ್ಬೆ ಸದಸ್ಯರೊಬ್ಬರು ಕೊಡುತ್ತೇನೆಂದಿದ್ದಾರೆ. ಗಾಡಿ ತೂಗಲು ಮೆಣಸಿನ ಮಾದರಿ ತೂಗುವ ತಕ್ಕಡಿಯೇ ಸಾಕು. ಗಾಲಿ, ಮೊಳೆ ಮತ್ತು ಬಡಿಗೇರರ ಕೂಲಿ ಮಾತ್ರ ಕೈಯಿಂದ ಹೋಗುವುದು, ಮಂಡಳಿ ಒಪ್ಪದಿದ್ದರೆ ಮೊದಲ ವರ್ಷದ್ದನ್ನು ನಾವೇ ಭರಿಸುತ್ತೇವೆ.

ಹೆಸರು ಕೊಡುವ ಮಕ್ಕಳು ಕಚೇರಿಯ ವೇಳೆಯಲ್ಲಿ ಬಂದು ಮರದ ತುಂಡು ಒಯ್ಯಬಹುದು. ದೊಡ್ಡವರ ಓಟಕ್ಕೆ ಮೊದಲ ಹೆಸರು ನಮ್ಮದೇ ಬರೆದುಕೊಂಡಿದ್ದೇವೆ. ಎರಡನೆಯ ಹೆಸರು, ಸಭೆಯಲ್ಲಿ ಆಟಗಿ ಸೊಸೈಟಿಯೋ ಎಂದು ಕೇಳಿದ ಹಿರಿಯರದು. ಮೊನ್ನೆ ಬಂದು ತಾವೇ ಬರೆಸಿ, ಒಣಗಿದ ತುಂಡನ್ನು ಆರಿಸಿಕೊಂಡು ಹೋದರು.